ಅಸಲು ಮುಟ್ಟದವರ ಲೆಕ್ಕ

ನನ್ನ ದೊಡ್ಡಪ್ಪ 1999ರಲ್ಲಿ ಮುಂಬಯಿಯ ಫೋರ್ಟಿನ ಒಂದು ಖಾಸಗಿ ಕಚೇರಿಯಿಂದ ನಿವೃತ್ತರಾದಾಗ ಅವರಿಗೆ 60 ವರ್ಷ. ಪಿಎಫ್, ಗ್ರಾಚ್ಯುಟಿ, ಅಷ್ಟಿಷ್ಟು ಉಳಿತಾಯ ಎಲ್ಲ ಕೂಡಿ ಗಂಟು ಆರು ಲಕ್ಷ. ಅಂಚೆ ಕಚೇರಿಯಲ್ಲಿ ಒಂದಷ್ಟು, ಬ್ಯಾಂಕಿನಲ್ಲಿ ಒಂದಷ್ಟು, ಆರು ವರ್ಷದ ಅವಧಿಗೆ ಇಟ್ಟರು. ಆಗ ಬಡ್ಡಿ ಶೇ. 12ರ ಹತ್ತಿರ. ತಿಂಗಳಿಗೆ 6,000 ರೂಪಾಯಿ ಬರುತ್ತಿತ್ತು, 6,000 ಖರ್ಚಾಗುತ್ತಿತ್ತು. ಯಾರಾದರೂ ವಿಚಾರಿಸಿದರೆ ಅವರದು ಒಂದೇ ಉತ್ತರ: ‘ಬಡ್ಡಿಯಲ್ಲೇ ನಡೀತದೆ, ಅಸಲಿಗೆ ಕೈ ಹಾಕ್ಲಿಲ್ಲ.’

ಮಾಟುಂಗಾದಿಂದ ಮುಲುಂಡಿನವರೆಗೆ, ಗೋರೆಗಾಂವಿನಿಂದ ಕುರ್ಲಾದವರೆಗೆ, ಮುಂಬಯಿ ಕನ್ನಡಿಗರ ಮನೆಗಳಲ್ಲಿ ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಅದರಲ್ಲಿ ಶಿಸ್ತಿದೆ, ಸ್ವಾಭಿಮಾನವಿದೆ. ಆದರೆ ಲೆಕ್ಕ ತಪ್ಪಿದೆ. ಎಲ್ಲಿ ತಪ್ಪಿದೆ ಎಂಬುದನ್ನು ಅಂಕಿಗಳಲ್ಲೇ ತೋರಿಸಬೇಕು.

2005ರಲ್ಲಿ ಅವಧಿ ಮುಗಿದು ಅದೇ ಆರು ಲಕ್ಷವನ್ನು ಮತ್ತೆ ಇಡಲು ಹೋದಾಗ ಬಡ್ಡಿ ಶೇ. 8. ಪಿಪಿಎಫ್ ಬಡ್ಡಿಯೂ ಹಾಗೆಯೇ ಇಳಿದಿತ್ತು: 1999ರ ಕೊನೆಯವರೆಗೆ 12 ಇದ್ದದ್ದು 2000ದ ಜನವರಿಯಲ್ಲಿ 11, 2001ರಲ್ಲಿ 9.5, 2002ರಲ್ಲಿ 9, 2003ರ ಮಾರ್ಚ್‌ಗೆ 8. ದೊಡ್ಡಪ್ಪನ 6,000 ಒಂದೇ ತಿಂಗಳಲ್ಲಿ 4,000 ಆಯಿತು. ಅಸಲು ಮಾತ್ರ ಒಂದು ರೂಪಾಯಿ ಕಡಿಮೆಯಾಗಿರಲಿಲ್ಲ. 2015ರ ಹೊತ್ತಿಗೆ ಬೆಲೆಗಳು 1999ಕ್ಕೆ ಹೋಲಿಸಿದರೆ ಮೂರು ಪಟ್ಟಿನ ಹತ್ತಿರ ಬಂದಿದ್ದವು. ಅಂದರೆ ಆ 4,000ಕ್ಕೆ ಸಿಗುತ್ತಿದ್ದದ್ದು, ನಿವೃತ್ತರಾದ ವರ್ಷ ಒಂದೂವರೆ ಸಾವಿರಕ್ಕೆ ಸಿಗುತ್ತಿದ್ದುದಕ್ಕಿಂತಲೂ ಕಡಿಮೆ. ಮೊದಲು ಪತ್ರಿಕೆ ನಿಂತಿತು. ಆಮೇಲೆ ವರ್ಷಕ್ಕೊಮ್ಮೆ ಊರಿಗೆ ಹೋಗುವುದು ನಿಂತಿತು. ಕೊನೆಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯನ್ನು ‘ಮುಂದಿನ ವರ್ಷ ನೋಡುವ’ ಎಂದು ಮುಂದಕ್ಕೆ ಹಾಕಿದರು.

ಈಗಿನ ಲೆಕ್ಕಕ್ಕೆ ಬರೋಣ. 60 ವರ್ಷದ ದಂಪತಿ, ಉಪನಗರದಲ್ಲಿ ಸ್ವಂತ ಮನೆ, ಕೈಯಲ್ಲಿ ಒಂದು ಕೋಟಿ ಎಂದುಕೊಳ್ಳಿ. ಕೋಟಿ ಎಲ್ಲರಲ್ಲೂ ಇರುವುದಿಲ್ಲ, ಗೊತ್ತು. 40 ಲಕ್ಷ ಇದ್ದವರು ಕೆಳಗಿನ ಮೊತ್ತಗಳನ್ನು 0.4ರಿಂದ ಗುಣಿಸಿಕೊಂಡರಾಯಿತು, ವರ್ಷಗಳ ಸಂಖ್ಯೆ ಬದಲಾಗುವುದಿಲ್ಲ. ಗಂಟಿನ ಮೇಲಿನ ಗಳಿಕೆ ಶೇ. 7.5, ಬೆಲೆಯೇರಿಕೆ ಶೇ. 6 ಎಂದು ಹಿಡಿದಿದ್ದೇನೆ. ಸರ್ಕಾರದ ಗ್ರಾಹಕ ಬೆಲೆ ಸೂಚ್ಯಂಕದ ಏರಿಕೆ 2022–23ರಲ್ಲಿ 6.7, 2023–24ರಲ್ಲಿ 5.4, 2024–25ರಲ್ಲಿ 4.6 ಇತ್ತು. ಆದರೂ 6 ಹಿಡಿದದ್ದಕ್ಕೆ ಕಾರಣವಿದೆ. ಮುದುಕರ ಖರ್ಚಿನ ಬಹುಪಾಲು ಔಷಧಿ, ಮನೆಗೆಲಸದವರ ಸಂಬಳ ಮತ್ತು ಸೊಸೈಟಿಯ ಮೇಂಟೆನೆನ್ಸ್. ಇವು ಯಾವುವೂ ಸೂಚ್ಯಂಕ ನೋಡಿಕೊಂಡು ಏರುವುದಿಲ್ಲ.

ಶೇ. 6ರ ಏರಿಕೆಯಲ್ಲಿ ಖರ್ಚು 12 ವರ್ಷಕ್ಕೆ ಇಮ್ಮಡಿಯಾಗುತ್ತದೆ. ಇವತ್ತಿನ 50,000ದ ಸಂಸಾರಕ್ಕೆ 72ನೇ ವಯಸ್ಸಿನಲ್ಲಿ ಒಂದು ಲಕ್ಷ, 84ರಲ್ಲಿ ಎರಡು ಲಕ್ಷ ಬೇಕು. ಒಂದು ಕೋಟಿಯ ಬಡ್ಡಿ 62,500 ಮಾತ್ರ ಇದ್ದಲ್ಲೇ ಇರುತ್ತದೆ. ಅದರ ಇವತ್ತಿನ ಬೆಲೆ 72ರಲ್ಲಿ 31,000, 84ರಲ್ಲಿ 15,400.

ಹಾಗಾದರೆ ಬೆಲೆಯೇರಿಕೆಗೆ ತಕ್ಕಂತೆ ವರ್ಷವರ್ಷ ಹೆಚ್ಚಿಸುತ್ತಾ ತೆಗೆದರೆ ಗಂಟು ಎಷ್ಟು ವರ್ಷ ಬಾಳುತ್ತದೆ? ಮೊದಲ ವರ್ಷ 7.5 ಲಕ್ಷ ತೆಗೆದರೆ 14 ವರ್ಷ. 75 ತುಂಬುವ ಮೊದಲೇ ಖಾಲಿ. 6 ಲಕ್ಷ ತೆಗೆದರೆ 18 ವರ್ಷ. 5 ಲಕ್ಷವಾದರೆ 23. 4 ಲಕ್ಷ, ಅಂದರೆ ತಿಂಗಳಿಗೆ 33,300, ತೆಗೆದರೆ 30 ವರ್ಷ, 90ನೇ ವಯಸ್ಸಿನವರೆಗೆ. ಮೂರೂವರೆ ಲಕ್ಷಕ್ಕೆ ಇಳಿಸಿಕೊಂಡರೆ 36 ವರ್ಷ. ಭಾರತದಲ್ಲಿ 60 ಮುಟ್ಟಿದವರು ಸರಾಸರಿ ಇನ್ನೂ ಸುಮಾರು 18 ವರ್ಷ ಬದುಕುತ್ತಾರೆ. ಆದರೆ ಸರಾಸರಿ ಎಂದರೆ ಹೆಚ್ಚುಕಡಿಮೆ ಅರ್ಧ ಜನ ಅದನ್ನು ದಾಟುತ್ತಾರೆ ಎಂದೇ ಅರ್ಥ. ಗಂಡ ಹೆಂಡತಿ ಇಬ್ಬರಲ್ಲಿ ಒಬ್ಬರಾದರೂ 90 ಕಾಣುವ ಮನೆಗಳು ನಮ್ಮ ನೆಂಟರಲ್ಲೇ ಎಷ್ಟಿವೆ!

ಈ ‘ನೂರಕ್ಕೆ ನಾಲ್ಕು’ ಎಂಬ ಅಳತೆಯನ್ನು ಮೊದಲು ಲೆಕ್ಕ ಹಾಕಿ ಹೇಳಿದವರು ಕ್ಯಾಲಿಫೋರ್ನಿಯಾದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್, 1994ರಲ್ಲಿ. 1926ರಿಂದ ಮುಂದಿನ ಅಮೆರಿಕದ ಷೇರು ಮತ್ತು ಬಾಂಡುಗಳ ದಾಖಲೆ ಅವರ ಆಧಾರ. ಗಂಟಿನ ಅರ್ಧಕ್ಕಿಂತ ಕಡಿಮೆಯಿಲ್ಲದಷ್ಟು ಷೇರಿನಲ್ಲಿರಬೇಕು ಎಂಬುದು ಅವರ ಷರತ್ತು. ಅಲ್ಲಿನ ಬೆಲೆಯೇರಿಕೆ ಬೇರೆ, ನಮ್ಮದು ಬೇರೆ. ಮೇಲಿನ ಲೆಕ್ಕದಲ್ಲಿ ಬೆಲೆಯೇರಿಕೆ 6ರ ಬದಲು 7 ಆದರೆ 30 ವರ್ಷದ ಗಂಟು 26ಕ್ಕೇ ಮುಗಿಯುತ್ತದೆ. ಆದ್ದರಿಂದ ಮುಂಬಯಿಯಲ್ಲಿ ಮೂರೂವರೆಯೇ ಸರಿ ಎನ್ನುವುದು ನನ್ನ ಅಭಿಪ್ರಾಯ. ನಾಲ್ಕನ್ನು ದಾಟಲೇಬಾರದ ಗೆರೆ ಎಂದು ಇಟ್ಟುಕೊಳ್ಳಬೇಕು.

ಎಲ್ಲಿ ಇಡಬೇಕು? ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಮಿತಿ 2023ರ ಏಪ್ರಿಲ್‌ನಲ್ಲಿ 15 ಲಕ್ಷದಿಂದ 30 ಲಕ್ಷಕ್ಕೆ ಏರಿತು, ಬಡ್ಡಿ 8.2 ಆಯಿತು. ಗಂಡ ಹೆಂಡತಿ ಇಬ್ಬರೂ ಇಟ್ಟರೆ 60 ಲಕ್ಷ. ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿಯ ಮೊದಲ ಕೆಲಸದ ದಿನ ಅಂಚೆ ಕಚೇರಿಯ ಮುದ್ರಣ ಯಂತ್ರದ ಮುಂದೆ ಪಾಸ್‌ಬುಕ್ ಹಿಡಿದು ನಿಂತವರನ್ನು ನೋಡಿ. ಹಣ ತಾನಾಗಿಯೇ ಖಾತೆಗೆ ಜಮಾ ಆಗಿರುತ್ತದೆ, ಮೊಬೈಲಿಗೆ ಸಂದೇಶವೂ ಬಂದಿರುತ್ತದೆ. ಆದರೂ 61,500 ಎಂಬ ಸಾಲು ಕಾಗದದ ಮೇಲೆ ಕರಕರ ಎಂದು ಮೂಡುವುದನ್ನು ಕಣ್ಣಾರೆ ಕಂಡು, ಬೆರಳಿಟ್ಟು ಓದಿದ ಮೇಲೆಯೇ ಅವರಿಗೆ ಸಮಾಧಾನ. ಅದು 30 ಲಕ್ಷದ ಮೂರು ತಿಂಗಳ ಬಡ್ಡಿ. ಇಬ್ಬರದೂ ಸೇರಿದರೆ ತಿಂಗಳಿಗೆ 41,000. ಅಂಚೆಯ ಮಾಸಿಕ ಆದಾಯ ಯೋಜನೆಯಲ್ಲಿ ಜಂಟಿಯಾಗಿ 15 ಲಕ್ಷ ಇಡಬಹುದು, 7.4ರ ದರದಲ್ಲಿ ತಿಂಗಳಿಗೆ 9,250. ಒಟ್ಟು 50,250. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಇಂಥ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ, ಹಾಗಾಗಿ ವರ್ಷದ 6.03 ಲಕ್ಷವೂ ಪೂರ್ತಿ ಕೈಗೆ.

ದೊಡ್ಡಪ್ಪ ಎಡವಿದ್ದು ಇಲ್ಲೇ. ಬಂದ 50,250ನ್ನು ಪೂರ್ತಿ ತಿನ್ನಬಾರದು. ತೆಗೆಯಬೇಕಾದ್ದು ಹೆಚ್ಚೆಂದರೆ 33,300, ಉಳಿದ ಸುಮಾರು 16,900 ಅದೇ ತಿಂಗಳು ಗಂಟಿಗೆ ವಾಪಸು ಹೋಗಬೇಕು. ಮೊದಲ ವರ್ಷ ಹೀಗೆ ಉಳಿಯುವುದು 2.03 ಲಕ್ಷ, ಎರಡನೇ ವರ್ಷ 1.79, ಏಳನೇ ವರ್ಷಕ್ಕೆ ಬರೀ 36,000. ಅಲ್ಲಿಗೆ ಖರ್ಚು ಬಂದು ಬಡ್ಡಿಯನ್ನು ಹಿಡಿಯುತ್ತದೆ. ಆದರೆ ಅಷ್ಟರಲ್ಲಿ ಎಂಟೂವರೆ ಲಕ್ಷ ಹೊಸದಾಗಿ ಸೇರಿರುತ್ತದೆ, ಅದರ ಬಡ್ಡಿ ಬೇರೆ. ಬಡ್ಡಿ ಎಂದು ನಾವು ಕರೆಯುವ ಹಣದಲ್ಲಿ ದೊಡ್ಡ ಪಾಲು ನಿಜವಾಗಿ ಬಡ್ಡಿಯೇ ಅಲ್ಲ, ಅಸಲಿನ ಸವಕಳಿಗೆ ಬಂದ ಪರಿಹಾರ. ಅದನ್ನು ತಿಂದರೆ ಅಸಲನ್ನೇ ತಿಂದಂತೆ, ಪಾಸ್‌ಬುಕ್ಕಿನಲ್ಲಿ ಅದು ಕಾಣುವುದಿಲ್ಲ ಅಷ್ಟೆ.

ಬಡ್ಡಿ ಇಳಿಯುವ ಅಪಾಯವೂ ಇದೆ. ಹಿರಿಯ ನಾಗರಿಕರ ಯೋಜನೆಯ ಖಾತೆಯ ದರ ಐದು ವರ್ಷಕ್ಕೆ ಸ್ಥಿರ. ಆಮೇಲೆ ಅಂದಿನ ದರ. 2020ರ ಏಪ್ರಿಲ್ 1ರಂದು ಇದೇ ಯೋಜನೆಯ ಬಡ್ಡಿ 8.6ರಿಂದ 7.4ಕ್ಕೆ ಬಿತ್ತು. ಹಾಗಾದರೆ ದಂಪತಿಯ 41,000 ಮರುದಿನ 37,000.

ಉಳಿದ 25 ಲಕ್ಷದಲ್ಲಿ 5 ಲಕ್ಷ ಕೈಗೆಟಕುವಂತಿರಲಿ, 20 ಲಕ್ಷ ಷೇರುಪೇಟೆಯ ಸೂಚ್ಯಂಕ ನಿಧಿಯಲ್ಲಿರಲಿ ಎನ್ನುತ್ತೇನೆ. ನಮ್ಮವರು ಹೆದರುವುದು ಇಲ್ಲೇ, ಹೆದರಿಕೆ ಸುಳ್ಳಲ್ಲ. 2008ರ ಜನವರಿಯಲ್ಲಿ 20,873ಕ್ಕೆ ಮುಗಿದಿದ್ದ ಸೆನ್ಸೆಕ್ಸ್ 2009ರ ಮಾರ್ಚ್ 9ರಂದು 8,160. ಇಪ್ಪತ್ತು ಲಕ್ಷ ಏಳು ಲಕ್ಷ ಎಂಬತ್ತು ಸಾವಿರವಾಯಿತು. ಹಳೆಯ ಮಟ್ಟ ಮತ್ತೆ ಕಂಡದ್ದು 2010ರ ನವೆಂಬರ್‌ನಲ್ಲಿ, 34 ತಿಂಗಳ ಬಳಿಕ. ಆ 34 ತಿಂಗಳೂ ಮನೆಖರ್ಚಿಗೆಂದು ಷೇರು ಮಾರಿದವರ ಗಂಟು ಮತ್ತೆ ತುಂಬಲಿಲ್ಲ. ಮಾರದೆ ಕೂತವರದು ತುಂಬಿತು. ಸುಮಾರು ಮೂರು ವರ್ಷ ಆ ಕಡೆ ತಿರುಗಿ ನೋಡದಿರುವಷ್ಟು ಆದಾಯ ಬೇರೆಡೆಯಿಂದ ಬರುತ್ತಿದ್ದರೆ ಮಾತ್ರ ಷೇರು ನಿವೃತ್ತರಿಗೆ ಆಗಿಬರುತ್ತದೆ. ಮೇಲಿನ ದಂಪತಿಗೆ ಬರುತ್ತಿದೆ.

ಸಹಕಾರಿ ಬ್ಯಾಂಕುಗಳ ಬಗ್ಗೆ ಎರಡು ಮಾತು ಹೇಳದೆ ಇರಲಾಗದು. ಮುಂಬಯಿ ಕನ್ನಡಿಗರು, ತುಳುವರು, ಕೊಂಕಣಿಗರು ತಮ್ಮ ಸಮುದಾಯದ ಬ್ಯಾಂಕುಗಳನ್ನು ಬೆವರಿನಿಂದ ಕಟ್ಟಿದವರು. 1906ರಷ್ಟು ಹಿಂದೆಯೇ ಶಾಮರಾವ್ ವಿಠ್ಠಲ್ ಬ್ಯಾಂಕ್ ಹುಟ್ಟಿದೆ. ಆ ಹೆಮ್ಮೆ ಸರಿಯಾದದ್ದೇ. ಆದರೆ ಠೇವಣಿ ವಿಮೆ ಯಾವ ಬ್ಯಾಂಕಿನಲ್ಲಾದರೂ ಒಬ್ಬರಿಗೆ 5 ಲಕ್ಷ, ಅಷ್ಟೇ. ಅದೂ 2020ರ ಫೆಬ್ರವರಿಯಿಂದ. ಅದಕ್ಕೆ ಮುಂಚೆ 1 ಲಕ್ಷ ಇತ್ತು. 2019ರ ಸೆಪ್ಟೆಂಬರ್ 23ರಂದು ಪಿಎಂಸಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಮೊದಲು ಬಿಟ್ಟದ್ದು ಖಾತೆಗೆ 1,000 ರೂಪಾಯಿ. 2025ರ ಫೆಬ್ರವರಿಯಲ್ಲಿ ನ್ಯೂ ಇಂಡಿಯಾ ಕೋ-ಆಪರೇಟಿವ್ ಬ್ಯಾಂಕಿನಲ್ಲಿ ಮೊದಲ ಎರಡು ವಾರ ಅದೂ ಇಲ್ಲ. ತಿಂಗಳ 33,300ಕ್ಕೆ ಕಾದು ಕೂತವರಿಗೆ ಎರಡು ವಾರವೂ ದೊಡ್ಡದೇ. ಅರ್ಧ ಪರ್ಸೆಂಟ್ ಹೆಚ್ಚು ಸಿಗುತ್ತದೆಂದು ಇಡೀ ಗಂಟನ್ನು ಒಂದೇ ಕಡೆ ಕಟ್ಟುವುದು ಬೇಡ.

ಪಿಂಚಣಿ ಇರುವವರ ಲೆಕ್ಕ ಬೇರೆ. ಕೆನರಾ, ಸಿಂಡಿಕೇಟ್, ಕಾರ್ಪೊರೇಶನ್, ವಿಜಯಾ ಬ್ಯಾಂಕುಗಳಲ್ಲಿ ದುಡಿದು ಪಿಂಚಣಿ ಆಯ್ದುಕೊಂಡವರಿಗೆ ತುಟ್ಟಿಭತ್ಯೆ ಬೆಲೆಯ ಜೊತೆಗೇ ಏರುತ್ತದೆ. ಅವರು ಗಂಟಿನಿಂದ ಕೊರತೆಯಷ್ಟನ್ನೇ ತೆಗೆದರೆ ಸಾಕು. ಖಾಸಗಿ ಕಂಪನಿಯವರಿಗೆ ನೌಕರರ ಪಿಂಚಣಿ ಯೋಜನೆ (ಇಪಿಎಸ್): 15,000ದ ಸಂಬಳ ಮಿತಿಯಲ್ಲಿ 35 ವರ್ಷ ದುಡಿದರೂ 7,500, ತುಟ್ಟಿಭತ್ಯೆ ಇಲ್ಲ. ಕನಿಷ್ಠ ಪಿಂಚಣಿ 1,000 ಎಂದು 2014ರ ಸೆಪ್ಟೆಂಬರ್‌ನಲ್ಲಿ ನಿಗದಿಯಾಯಿತು. 2025 ಮುಗಿದರೂ ಅಲುಗಲಿಲ್ಲ. ಇನ್ನು ಉಡುಪಿ ಹೋಟೆಲುಗಳಲ್ಲಿ ಹಗಲು ದುಡಿದು, ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ಆ ತಲೆಮಾರಿನ ಎಷ್ಟೋ ಮಂದಿಗೆ ಪಿಎಫ್ ಕೂಡ ಇಲ್ಲ. ಅವರ ಪಾಲಿಗೆ ಗಂಟೇ ಎಲ್ಲ. ನೂರಕ್ಕೆ ಮೂರೂವರೆಯ ಲೆಕ್ಕ ಎಲ್ಲರಿಗಿಂತ ಹೆಚ್ಚಾಗಿ ಬೇಕಿರುವುದು ಅವರಿಗೆ.

ಆಸ್ಪತ್ರೆ ಈ ಎಲ್ಲ ಲೆಕ್ಕವನ್ನೂ ಬುಡಮೇಲು ಮಾಡಬಲ್ಲದು. ಕೋಟಿಯಲ್ಲಿ 15 ಲಕ್ಷವನ್ನು ಮೊದಲೇ ಅದಕ್ಕೆಂದು ಎತ್ತಿಟ್ಟರೆ, 4 ಲಕ್ಷದ ಖರ್ಚು 30 ವರ್ಷದ ಬದಲು 25 ವರ್ಷವಷ್ಟೇ ನಡೆಯುತ್ತದೆ. ವಿಮೆಯ ಕಂತು ವರ್ಷಕ್ಕೆ ಶೇ. 10 ಏರಿದರೆ (ಹಿರಿಯರ ಕಂತನ್ನು ಅದಕ್ಕಿಂತ ಹೆಚ್ಚು ಏರಿಸುವ ಮೊದಲು ಕಂಪನಿಗಳು ನಿಯಂತ್ರಕರನ್ನು ಕೇಳಬೇಕು, 2025ರ ಜನವರಿಯಿಂದ), 60ರಲ್ಲಿ 50,000 ಇದ್ದದ್ದು 75ರಲ್ಲಿ 2.09 ಲಕ್ಷ. ಮನೆಖರ್ಚಿನ ಎಂಟರಲ್ಲಿ ಒಂದು ಪಾಲಿದ್ದದ್ದು ಐದರಲ್ಲಿ ಒಂದನ್ನು ದಾಟುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. 70 ದಾಟಿದವರಿಗೆ, ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ಭಾರತದಲ್ಲಿ ಕುಟುಂಬಕ್ಕೆ 5 ಲಕ್ಷದ ರಕ್ಷೆ 2024ರ ಅಕ್ಟೋಬರ್‌ನಿಂದ ಇದೆ. ಕಾರ್ಡು ಮಾಡಿಸದವರು ಈ ವಾರವೇ ಮಾಡಿಸಿ.

ಮುಂಬಯಿಯ ವಿಚಿತ್ರವೆಂದರೆ ಕೈಯಲ್ಲಿ ಕಾಸಿಲ್ಲದವರೂ ಕೋಟಿಯ ಮನೆಯಲ್ಲಿರುತ್ತಾರೆ. 500 ಚದರಡಿಯೊಳಗಿನ ಮನೆಗೆ 2022ರಿಂದ ಮಹಾನಗರಪಾಲಿಕೆಯ ಆಸ್ತಿ ತೆರಿಗೆ ಮಾಫಿ, ಅಷ್ಟು ಹಗುರ. ಮನೆ ಒತ್ತೆಯಿಟ್ಟು ತಿಂಗಳು ತಿಂಗಳು ಹಣ ಪಡೆಯುವ ರಿವರ್ಸ್ ಮಾರ್ಟ್‌ಗೇಜ್ 2007ರ ಬಜೆಟ್ಟಿನಲ್ಲೇ ಬಂತು, ನಮ್ಮಲ್ಲಿ ಒಗ್ಗಲಿಲ್ಲ. ಊರಲ್ಲಿ ಮನೆಯಿದ್ದವರಿಗೆ ಇನ್ನೊಂದು ದಾರಿ: ಇಲ್ಲಿಯದನ್ನು ಬಾಡಿಗೆಗೆ ಕೊಟ್ಟು ಉಡುಪಿಯಲ್ಲೋ ಕುಂದಾಪುರದಲ್ಲೋ ಇರುವುದು. ಬಾಡಿಗೆ ಮನೆಯ ಬೆಲೆಯ ನೂರಕ್ಕೆ ಎರಡು ಮೂರಷ್ಟೇ. ಆದರೆ ಅದು ಬೆಲೆಯೇರಿಕೆಯ ಜೊತೆ ಹೆಜ್ಜೆ ಹಾಕುತ್ತದೆ, ಅಸಲೂ ಕರಗುವುದಿಲ್ಲ. ಬಡ್ಡಿಯಲ್ಲಿ ನಾವು ಹುಡುಕುವ ಗುಣ ಬಾಡಿಗೆಯಲ್ಲಿದೆ.

ಮೊದಲ ವರ್ಷಗಳಲ್ಲಿ ಬಡ್ಡಿ ಉಳಿಸಬೇಕು ಎಂದೆ. ಕೊನೆಯ ವರ್ಷಗಳಲ್ಲಿ ಅಸಲು ಮುಟ್ಟಬೇಕು ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ದೊಡ್ಡಪ್ಪನಿಗೆ 76 ತುಂಬಿದ್ದಾಗ ಆ ಆರು ಲಕ್ಷವನ್ನು ಅಸಲು ಬಡ್ಡಿ ಎರಡೂ ಸೇರಿಸಿ 15 ವರ್ಷಕ್ಕೆ, 91ನೇ ವಯಸ್ಸಿನವರೆಗೆ, ಹಂಚಿದ್ದರೆ ಶೇ. 8ರ ಲೆಕ್ಕದಲ್ಲಿ ತಿಂಗಳಿಗೆ 5,734 ರೂಪಾಯಿ ಸಿಗುತ್ತಿತ್ತು. ಅವರು ತೆಗೆಯುತ್ತಿದ್ದದ್ದು 4,000. ಅವರು 82ಕ್ಕೆ ಹೋದರು. ಕಪಾಟಿನಲ್ಲಿ ಪಾಸ್‌ಬುಕ್ಕುಗಳ ಜೊತೆ ಕಣ್ಣಿನ ಡಾಕ್ಟರರ ಹಳೆಯ ಚೀಟಿಯೊಂದು ಸಿಕ್ಕಿತು. ಒಂದು ಕಣ್ಣಿಗೆ 18,000 ಎಂದು ಬರೆದಿತ್ತು. 5,734ಕ್ಕೂ 4,000ಕ್ಕೂ ಇರುವ ಅಂತರ ವರ್ಷಕ್ಕೆ 20,808.