ನೆಟ್ಟಿನ ಎತ್ತರ ಎಷ್ಟು?

ಎಸ್‌ಎಸ್‌ಬಿಗೆ ಹೋಗಿದ್ದಾಗ ಸಂದರ್ಶನದ ಅಧಿಕಾರಿ ನಾನೇ ತುಂಬಿಕೊಟ್ಟಿದ್ದ ಪಿಐಕ್ಯು ಫಾರಂ ಮೇಲೆ ಕಣ್ಣಾಡಿಸುತ್ತಾ, ‘ವಾಲಿಬಾಲ್ ಆಡ್ತೀರಾ?’ ಅಂದರು. ‘ಯೆಸ್ ಸರ್’ ಅಂದೆ. ‘ಹಾಗಾದರೆ ನೆಟ್ಟಿನ ಎತ್ತರ ಎಷ್ಟಿರುತ್ತೆ?’

ನನಗೆ ಗೊತ್ತಿರಲಿಲ್ಲ. ‘ಆರಡಿ ಸರ್’ ಎಂದುಬಿಟ್ಟೆ. ಅವರು ಬೈಯಲಿಲ್ಲ, ಗದರಲಿಲ್ಲ. ಸುಮ್ಮನೆ ಒಮ್ಮೆ ನಕ್ಕು ಮುಂದಿನ ಪ್ರಶ್ನೆಗೆ ಹೋದರು. ಆ ನಗು ಬೈಗುಳಕ್ಕಿಂತ ಜೋರಾಗಿ ನಾಟಿತು. ನಿಜ ಹೇಳಬೇಕೆಂದರೆ ನಾನು ವಾಲಿಬಾಲ್ ಆಡೇ ಇರಲಿಲ್ಲ. ಫಾರಂನಲ್ಲಿ ‘ಆಡುವ ಕ್ರೀಡೆ’ ಎಂಬ ಜಾಗ ಖಾಲಿ ಬಿಡಲು ಮನಸ್ಸಾಗದೆ, ಕ್ರಿಕೆಟ್ ಎಂದು ಎಲ್ಲರೂ ಬರೆಯುತ್ತಾರೆ ಎಂದು ಯಾರೋ ಹೇಳಿದ್ದಕ್ಕೆ, ವಾಲಿಬಾಲ್ ಎಂದು ಬರೆದಿದ್ದೆ.

ಐದನೇ ದಿನ ಕಾನ್ಫರೆನ್ಸ್ ಮುಗಿದು ಆಯ್ಕೆಯಾದವರ ಚೆಸ್ಟ್ ನಂಬರ್ ಓದಿದರು. ನನ್ನದು ಬರಲಿಲ್ಲ. ನೆಟ್ಟಿನ ಎತ್ತರ ಗೊತ್ತಿಲ್ಲದ್ದಕ್ಕೇ ಹೋಯಿತು ಎಂದು ನಾನು ಹೇಳುವುದಿಲ್ಲ. ಎನ್‌ಡಿಎಗೆ ಲಿಖಿತ ಪರೀಕ್ಷೆಯ 900 ಅಂಕಕ್ಕೆ ಸಮನಾಗಿ ಎಸ್‌ಎಸ್‌ಬಿಗೂ 900 ಅಂಕ ಇದೆ. ಅದರಲ್ಲಿ ಎಲ್ಲಿ ಎಷ್ಟು ಕಳೆದುಕೊಂಡೆನೋ ಯಾರಿಗೆ ಗೊತ್ತು. ಆದರೆ ಬಂಗಾರಪೇಟೆಯಲ್ಲಿ ಇಳಿದು ಮಾರಿಕುಪ್ಪಂ ರೈಲು ಹತ್ತಿ ಉರಿಗಾಂ ಸ್ಟೇಷನ್ ಬರುವವರೆಗೂ ತಲೆಯಲ್ಲಿ ಕೊರೆಯುತ್ತಿದ್ದುದು ಆ ಒಂದು ಪ್ರಶ್ನೆಯೇ.

ನಮ್ಮ ಲೈನಿನಲ್ಲೇ, ನಾಲ್ಕು ಮನೆ ಆಚೆ, ಒಬ್ಬ ಅಣ್ಣ ಇದ್ದಾನೆ. ನನಗಿಂತ ಎರಡು ವರ್ಷ ದೊಡ್ಡವನು, ಖಡಕ್‌ವಾಸ್ಲಾದ ಎನ್‌ಡಿಎಯಲ್ಲಿ ಕೆಡೆಟ್. ಡಿಸೆಂಬರ್ ರಜೆಗೆ ಬಂದವನ ಬಳಿ ನನ್ನ ‘ಆರಡಿ’ ಕಥೆ ಹೇಳಿಕೊಂಡೆ. ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ತನ್ನ ಕಥೆ ಹೇಳಿದ.

‘ಲೋ, ನಾನು ಯಾವ ಆಟದವನು ಅಂತ ಅಲ್ಲಿಗೆ ಹೋದೆ? ಗಲ್ಲಿ ಕ್ರಿಕೆಟ್ ಬಿಟ್ಟರೆ ಏನೂ ಗೊತ್ತಿರಲಿಲ್ಲ. ಮೊದಲು ಬಾಕ್ಸಿಂಗ್ ಗ್ಲೌಸ್ ಹಾಕಿ ರಿಂಗಿಗೆ ಬಿಟ್ಟರು. ಮೂಗಲ್ಲಿ ರಕ್ತ. ಆಮೇಲೆ ಈಜು.’

ಈಜು ಎಂದಾಗ ಇಬ್ಬರೂ ನಕ್ಕೆವು. ಕೆಜಿಎಫ್‌ನವರಿಗೆ ಇದು ವಿವರಿಸಬೇಕಿಲ್ಲ. ಗಣಿಯ ಕಾಲದಲ್ಲಿ ಬೇತಮಂಗಲದ ಕೆರೆಯಿಂದ ಪೈಪಿನಲ್ಲಿ ನೀರು ಬರುತ್ತಿದ್ದ ಊರು ನಮ್ಮದು. ಈಗಲೂ ನಮ್ಮ ಲೈನಿನಲ್ಲಿ ನಲ್ಲಿ ನೀರು ಬಂದ ದಿನ ಕೊಡಗಳ ಮೆರವಣಿಗೆ. ಈಜುಕೊಳ ಎಂಬುದನ್ನು ಅವನು ಮೊದಲು ನೋಡಿದ್ದೇ ಅಲ್ಲಿ. ಈಜು ಬಾರದವರ ಗುಂಪಿನಲ್ಲಿ ಕೊನೆಯವನಾಗಿ ಕೈಕಾಲು ಬಡಿಯುತ್ತಿದ್ದವನು ಮೂರನೇ ಟರ್ಮಿಗೆ ಬರುವಷ್ಟರಲ್ಲಿ ತನ್ನ ಸ್ಕ್ವಾಡ್ರನ್ನಿನ ವಾಟರ್ ಪೋಲೊ ತಂಡದ ಅಭ್ಯಾಸಕ್ಕೆ ತಾನಾಗಿ ಹೋಗಿ ನಿಂತನಂತೆ. ಯಾರೂ ಕರೆದಿರಲಿಲ್ಲ. ತಂಡಕ್ಕೆ ಆಳು ಕಡಿಮೆ ಇತ್ತು, ಅಷ್ಟೇ. ವಾಟರ್ ಪೋಲೊದಲ್ಲಿ ಒಂದು ಕಡೆಗೆ ಏಳು ಜನ, ಆಟ ಮುಗಿಯುವವರೆಗೂ ಕಾಲು ತಳಕ್ಕೆ ತಾಕಿಸುವಂತಿಲ್ಲ. ಮೊದಲ ಪಂದ್ಯಗಳಲ್ಲಿ ಕೊಳದ ಅಂಚಿನಲ್ಲಿ ಟವೆಲ್ ಹೊದ್ದು ಕುಳಿತಿದ್ದೇ ಅವನ ಕೆಲಸ. ಆಲ್ಫಾದಿಂದ ರೋಮಿಯೊವರೆಗೆ 18 ಸ್ಕ್ವಾಡ್ರನ್‌ಗಳು, ಪ್ರತಿ ಆಟದಲ್ಲೂ ಒಂದಕ್ಕೊಂದು ಪೈಪೋಟಿ. ಆದ್ದರಿಂದ ಅಂಚಿನಲ್ಲಿ ಕೂತವನಿಗೂ ಒಂದು ದಿನ ನೀರಿಗೆ ಇಳಿಯುವ ಸರದಿ ಬಂದೇ ಬರುತ್ತದೆ.

ಹೀಗೆ ಕರೆಯದೆ ಹೋಗಿ ತಂಡ ಸೇರುವವರಿಗೆ ಅಮೆರಿಕದ ಕಾಲೇಜುಗಳಲ್ಲಿ ‘ವಾಕ್-ಆನ್’ ಎನ್ನುತ್ತಾರೆ. ಅಲ್ಲಿ ಒಳ್ಳೆಯ ಆಟಗಾರರನ್ನು ಹೈಸ್ಕೂಲಿನಲ್ಲಿರುವಾಗಲೇ ಹುಡುಕಿ ವಿದ್ಯಾರ್ಥಿವೇತನ ಕೊಟ್ಟು ಕರೆತರುತ್ತಾರೆ. ವಾಕ್-ಆನ್ ಎಂದರೆ ಆ ಪಟ್ಟಿಯಲ್ಲಿ ಇಲ್ಲದವನು, ಬೂಟು ಕಟ್ಟಿಕೊಂಡು ತಾನೇ ಮೈದಾನಕ್ಕೆ ಬಂದವನು. ಬೇರೆ ಕಾಲೇಜಿನಲ್ಲಾದರೆ ಅವನು ಫೀಸು ಕಟ್ಟಿಕೊಂಡೇ ಆಡಬೇಕು. ವೆಸ್ಟ್ ಪಾಯಿಂಟ್‌ನಂಥ ಮಿಲಿಟರಿ ಅಕಾಡೆಮಿಯಲ್ಲಿ ಯಾರಿಗೂ ಫೀಸಿಲ್ಲ, ಹಾಗಾಗಿ ಆ ಭೇದವೂ ಇಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಿಂದ 1922ರವರೆಗೆ ಅಲ್ಲಿನ ಮುಖ್ಯಸ್ಥರಾಗಿದ್ದ ಡಗ್ಲಾಸ್ ಮೆಕಾರ್ಥರ್, ಕೆಲವೇ ಜನ ಆಡಿ ಉಳಿದವರು ಚಪ್ಪಾಳೆ ತಟ್ಟುವುದು ಬೇಡ, ಪ್ರತಿ ಕೆಡೆಟ್ಟೂ ಆಡಬೇಕು ಎಂಬ ಪದ್ಧತಿ ತಂದರು. ನಮ್ಮ ಎನ್‌ಡಿಎಯಲ್ಲೂ ಕ್ರೀಡಾ ಕೋಟಾ ಎಂಬುದಿಲ್ಲ. ಒಂದು ಲೆಕ್ಕದಲ್ಲಿ ಅಲ್ಲಿ ಎಲ್ಲರೂ ವಾಕ್-ಆನ್‌ಗಳೇ.

ನಮ್ಮ ಸೇನೆಯ ದೊಡ್ಡ ದೊಡ್ಡ ಕ್ರೀಡಾಪಟುಗಳ ಕಥೆ ಓದಿದರೂ ಇದೇ ಕಾಣುತ್ತದೆ. ಧ್ಯಾನ್‌ಚಂದ್ 1922ರಲ್ಲಿ ಹದಿನಾರನೇ ವಯಸ್ಸಿಗೆ ಸೇನೆ ಸೇರಿದಾಗ ಹಾಕಿ ಆಟಗಾರರಾಗಿರಲಿಲ್ಲ. ಅವರ ಕೈಗೆ ಸ್ಟಿಕ್ ಕೊಟ್ಟು ತಿದ್ದಿದ್ದು ರೆಜಿಮೆಂಟಿನ ಸುಬೇದಾರ್ ಮೇಜರ್ ಬಾಲೆ ತಿವಾರಿ. ಮಿಲ್ಖಾ ಸಿಂಗ್ ಹಲವು ಸಲ ತಿರಸ್ಕೃತರಾದ ಮೇಲೆ ಸೇನೆಗೆ ಸೇರಿದವರು. ಸಿಕಂದರಾಬಾದಿನ ಇಎಂಇ ಸೆಂಟರಿನಲ್ಲಿ ಹೊಸ ರಿಕ್ರೂಟುಗಳೆಲ್ಲ ಓಡಲೇಬೇಕಿದ್ದ ಕ್ರಾಸ್ ಕಂಟ್ರಿಯಲ್ಲಿ ಮೊದಲ ಹತ್ತರೊಳಗೆ ಬಂದದ್ದೇ ಆರಂಭ. ಅಲ್ಲಿಂದ 1960ರ ರೋಮ್ ಒಲಿಂಪಿಕ್ಸ್ 400 ಮೀಟರ್ ಫೈನಲ್‌ವರೆಗೆ.

ಆದರೆ ನನಗೆ ಹೆಚ್ಚು ಹಿಡಿಸಿದ್ದು ನಮ್ಮ ಕೊಡಗಿನ ಎಂ.ಪಿ. ಗಣೇಶ್ ಅವರ ಕಥೆ. ಅವರು ಮೊದಲು ಆಡುತ್ತಿದ್ದುದು ಫುಟ್‌ಬಾಲ್, ಅದೂ ಕೊಡಗು ಜಿಲ್ಲೆಯ ತಂಡಕ್ಕೆ. ಹಾಕಿಯ ತವರಿನಿಂದ ಫುಟ್‌ಬಾಲ್ ಆಟಗಾರನಾಗಿ ಹೊರಟು, ಸೇನೆ ಸೇರಿದ ಮೇಲೆ ಹಾಕಿ ಹಿಡಿದವರು! ಸರ್ವಿಸಸ್ ತಂಡಕ್ಕೆ ಆಡಿದರು, 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು, ಮರುವರ್ಷ ಆಮ್‌ಸ್ಟರ್‌ಡ್ಯಾಮ್ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ಭಾರತ ತಂಡದ ನಾಯಕರಾದರು. 2020ರಲ್ಲಿ ಪದ್ಮಶ್ರೀ ಬಂತು. ನಾನು ಮಿಲ್ಖಾ ಆಗುವುದಿಲ್ಲ, ಗಣೇಶ್ ಕೂಡ ಆಗುವುದಿಲ್ಲ, ಅದು ಗೊತ್ತು. ಆದರೆ ಇಪ್ಪತ್ತರ ಹೊತ್ತಿಗೆ ಹೊಸ ಆಟ ಕಲಿಯಬಹುದು ಎಂಬ ಧೈರ್ಯ ಬಂತು.

ಜನವರಿಯ ಒಂದು ಬೆಳಿಗ್ಗೆ ನಮ್ಮ ಕಾಲೇಜಿನ ವಾಲಿಬಾಲ್ ಕೋರ್ಟಿಗೆ ಹೋದೆ. ಪಿ.ಡಿ. ಸರ್ ಮೇಲಿಂದ ಕೆಳಗೆ ನೋಡಿದರು. ನನ್ನ ಎತ್ತರ ಐದು ಅಡಿ ನಾಲ್ಕು ಇಂಚು. ‘ಸ್ಕೂಲಲ್ಲಿ ಆಡಿದೀಯೇನಪ್ಪ?’ ‘ಇಲ್ಲ ಸರ್.’ ‘ಪಿಯುಸಿಯಲ್ಲಿ?’ ‘ಇಲ್ಲ ಸರ್.’ ‘ಮತ್ತೆ?’ ಈ ಸಲ ಸುಳ್ಳು ಹೇಳಲಿಲ್ಲ. ಎಸ್‌ಎಸ್‌ಬಿಯ ಕಥೆ ಪೂರ್ತಿ ಹೇಳಿದೆ. ಅವರು ಸ್ಟೋರ್ ರೂಮಿನ ಬೀಗದ ಕೈ ಮತ್ತು ಒಂದು ಟೇಪು ಕೊಟ್ಟು, ‘ನಾಳೆಯಿಂದ ನೆಟ್ ಕಟ್ಟೋದು ನಿನ್ನ ಕೆಲಸ. ಅಳತೆ ಮಾಡಿ ಕಟ್ಟು’ ಅಂದರು.

2.43 ಮೀಟರ್. ಹೆಣ್ಣುಮಕ್ಕಳ ಪಂದ್ಯಕ್ಕೆ 2.24. ಕೋರ್ಟಿನ ಉದ್ದ 18 ಮೀಟರ್, ಅಗಲ 9. ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ.

ಮೊದಲ ಎರಡು ತಿಂಗಳು ನೆಟ್ ಕಟ್ಟುವುದು, ಸುಣ್ಣದ ಗೆರೆ ಎಳೆಯುವುದು, ಬೇಲಿಯಾಚೆ ಹೋದ ಚೆಂಡು ತರುವುದು. ಬೇಸಿಗೆಯಲ್ಲಿ ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ಎದ್ದರೆ ಬಿಳಿ ಧೂಳು ಕಣ್ಣು, ಬಾಯಿ ಎಲ್ಲದರಲ್ಲೂ. ತಾತ ಗಣಿಯಲ್ಲಿದ್ದವರು. ಆಗ ಒಂದೊಂದು ಗಣಿಗೂ ತಂಡವಿತ್ತು, ಪಂದ್ಯವೆಂದರೆ ಇಡೀ ಲೈನು ಹೊರಡುತ್ತಿತ್ತು ಎನ್ನುತ್ತಾರೆ. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು, ನನ್ನ ತಲೆಮಾರಿನವರು ಹುಟ್ಟುವ ಮೊದಲೇ. ಅಪ್ಪ ನಸುಕಿಗೇ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಬರುತ್ತಾರೆ. ‘ಇನ್ನೊಬ್ಬರ ಚೆಂಡು ಹೆಕ್ಕೋಕೆ ಕಾಲೇಜಿಗೆ ಹೋಗ್ತಿದೀಯಾ?’ ಎಂದು ಒಮ್ಮೆ ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಕಂಪ್ಯೂಟರ್ ಕೋರ್ಸಿಗೆ ಸೇರಬಹುದಿತ್ತು, ಬ್ಯಾಂಕಿಂಗ್ ಪರೀಕ್ಷೆಗೆ ಓದಬಹುದಿತ್ತು. ಆ ಲೆಕ್ಕ ಇವತ್ತಿಗೂ ನನ್ನನ್ನು ಕಾಡುತ್ತದೆ.

ನನ್ನ ಪುಣ್ಯಕ್ಕೆ ವಾಲಿಬಾಲ್‌ನಲ್ಲಿ ಲಿಬೆರೊ ಎಂಬ ಜಾಗವಿದೆ. ಬೇರೆ ಬಣ್ಣದ ಜೆರ್ಸಿ, ಹಿಂದಿನ ಸಾಲಿನಲ್ಲೇ ಆಟ, ಬ್ಲಾಕ್ ಮಾಡುವಂತಿಲ್ಲ, ನೆಟ್ಟಿನ ಮೇಲಿಂದ ಹೊಡೆಯುವಂತಿಲ್ಲ. ಬಂದ ಚೆಂಡು ನೆಲ ಮುಟ್ಟದಂತೆ ಎತ್ತುವುದೇ ಕೆಲಸ. ಎತ್ತರ ಬೇಕಿಲ್ಲ, ಮೊಣಕಾಲಿನ ಚರ್ಮದ ಆಸೆ ಬಿಟ್ಟರೆ ಸಾಕು. ಉದ್ದದ ಹುಡುಗರು ಯಾರಿಗೂ ಆ ಜಾಗ ಬೇಕಿರಲಿಲ್ಲ. ದಿನಕ್ಕೆ ಇನ್ನೂರು ಸಲ ಗೋಡೆಗೆ ಚೆಂಡು ಹೊಡೆದು ಮುಂಗೈ ಊದಿಸಿಕೊಂಡು, ಎಂಟು ತಿಂಗಳ ಮೇಲೆ ಹನ್ನೆರಡು ಜನರ ಪಟ್ಟಿಯಲ್ಲಿ ಹನ್ನೆರಡನೆಯವನಾದೆ.

ಅಂತರ ಕಾಲೇಜು ಟೂರ್ನಿಯ ಮೊದಲ ಪಂದ್ಯದಲ್ಲಿ ಬೆಂಚು. ಎರಡನೆಯದರಲ್ಲಿ ನಮ್ಮ ಲಿಬೆರೊ ಕಾಲು ಉಳುಕಿಸಿಕೊಂಡ, ಸರ್ ನನ್ನ ಕಡೆ ಕೈ ತೋರಿಸಿದರು. ಮೊದಲ ಸರ್ವಿಸ್ ನೇರ ನನ್ನ ಎದೆಗೆ ಬಡಿದು ಸ್ಕೋರರ್ ಮೇಜಿನ ಮೇಲೆ ಬಿತ್ತು. ಇಡೀ ಮೈದಾನ ನಕ್ಕಿತು. ಎರಡನೆಯದು ಸೆಟ್ಟರ್ ಕೈಗೆ ಹೋಯಿತು. ಆಮೇಲೆ ಎಷ್ಟು ಎತ್ತಿದೆ, ಎಷ್ಟು ಬಿಟ್ಟೆ ಎಂದು ನೆನಪಿಲ್ಲ. 2-1ರಿಂದ ಸೋತೆವು. ಬಸ್ಸಿನಲ್ಲಿ ಬರುವಾಗ ನಮ್ಮ ಕ್ಯಾಪ್ಟನ್ ಮೊದಲ ಸಲ ನನ್ನನ್ನು ಹೆಸರು ಹಿಡಿದು ಕರೆದು ಕಡಲೆಕಾಯಿ ಪೊಟ್ಟಣ ಚಾಚಿದ. ಅದುವರೆಗೆ ನಾನು ‘ಏ ನೆಟ್ಟು’.

ಎನ್‌ಡಿಎಗೆ ನನ್ನ ವಯಸ್ಸು ದಾಟಿತು. ನನ್ನಂತೆ ದಾಟಿದವರಿಗೆ ಒಂದು ಮಾತು: ದಾರಿ ಮುಚ್ಚಿಲ್ಲ. ಪದವಿಯ ಮೇಲೆ ಸಿಡಿಎಸ್ ಪರೀಕ್ಷೆ ಇದೆ. ಎನ್‌ಸಿಸಿ ‘ಸಿ’ ಪ್ರಮಾಣಪತ್ರದಲ್ಲಿ ಕನಿಷ್ಠ ‘ಬಿ’ ಗ್ರೇಡ್ ಮತ್ತು ಪದವಿಯಲ್ಲಿ ಶೇ 50 ಅಂಕ ಇದ್ದರೆ ಎನ್‌ಸಿಸಿ ವಿಶೇಷ ಪ್ರವೇಶದಲ್ಲಿ ಲಿಖಿತ ಪರೀಕ್ಷೆಯೇ ಇಲ್ಲ, ನೇರ ಎಸ್‌ಎಸ್‌ಬಿ. ನಾನು ಅದಕ್ಕೇ ತಯಾರಾಗುತ್ತಿದ್ದೇನೆ. ಆಯ್ಕೆಯಾಗುತ್ತೇನೋ ಇಲ್ಲವೋ. ಅಲ್ಲಿ ಮತ್ತೆ ಅದೇ ಫಾರಂ ಕೊಡುತ್ತಾರೆ, ಅದೇ ಜಾಗ ತುಂಬಬೇಕು.

ಸದ್ಯಕ್ಕೆ ನಾಳೆ ಬೆಳಿಗ್ಗೆ ಐದೂವರೆಗೆ ಅಭ್ಯಾಸ. ತಂಡ ಸೇರಿದರೂ ನೆಟ್ ಕಟ್ಟುವ ಕೆಲಸ ತಪ್ಪಿಲ್ಲ. ಟೇಪು ನನ್ನ ಬ್ಯಾಗಿನಲ್ಲೇ ಇದೆ.