ಗ್ರಂಥಗಳಲ್ಲಿ ಮೂರು ರೇವುಪಟ್ಟಣಗಳು

ಕಥೆ ಕಾದಂಬರಿಗಳನ್ನು ಓದಿ ಸಂತೋಷಪಡುವವರು ನಮ್ಮಲ್ಲಿ ಬಹಳ ಮಂದಿ ಉಂಟು. ಚರಿತ್ರೆ, ಪ್ರಕೃತಿ, ಶಿಲ್ಪ, ವಿಜ್ಞಾನ ಇವುಗಳನ್ನು ಕುರಿತ ಗ್ರಂಥಗಳನ್ನು ಅದೇ ಆಸಕ್ತಿಯಿಂದ ಕೈಗೆತ್ತಿಕೊಳ್ಳುವವರು ಕಡಮೆ. ಅಂಥ ಗ್ರಂಥಗಳು ವಿದ್ವಾಂಸರಿಗೆ ಮೀಸಲಾದವು, ಅವುಗಳಲ್ಲಿ ರಸವಿಲ್ಲ ಎಂಬ ಭಾವನೆ ಇದಕ್ಕೆ ಕಾರಣವಾಗಿರಬಹುದು. ಆದರೆ ನಾವು ಹುಟ್ಟಿ ಬೆಳೆದ ನೆಲವನ್ನೇ ಕುರಿತು ಬರೆದ ಗ್ರಂಥವೊಂದು ದೊರೆತಾಗ ಈ ಭಾವನೆ ಉಳಿಯಲಾರದು. ಉತ್ತರ ಕನ್ನಡ ಜಿಲ್ಲೆಯ ಕರಾವಳಿಯಲ್ಲಿರುವ ಭಟಕಳ, ಹೊನ್ನಾವರ, ಕುಮಟಾ ಎಂಬ ಮೂರು ಪಟ್ಟಣಗಳನ್ನು ಉದಾಹರಣೆಯಾಗಿಟ್ಟುಕೊಂಡು ಈ ವಿಷಯವನ್ನು ಸ್ವಲ್ಪ ವಿಚಾರಮಾಡೋಣ.

ಈ ಮೂರು ಊರುಗಳೂ ಗಾತ್ರದಲ್ಲಿ ದೊಡ್ಡವಲ್ಲ. ಆದರೂ ಇವುಗಳ ಹೆಸರು ಆರುನೂರು ವರ್ಷಗಳಿಗೂ ಮಿಗಿಲಾದ ಕಾಲದಿಂದ ಲೋಕದ ಅನೇಕ ಭಾಷೆಗಳ ಗ್ರಂಥಗಳಲ್ಲಿ ಬಂದಿದೆ. ಕಾರಣ ಸ್ಪಷ್ಟವಾಗಿಯೇ ಇದೆ. ಘಟ್ಟದ ಮೇಲಿನ ಮೆಣಸು, ಅಕ್ಕಿ, ಹತ್ತಿಗಳು ಕಡಲಿಗೆ ಇಳಿಯುತ್ತಿದ್ದುದು ಇಲ್ಲಿ; ಕಡಲಾಚೆಯ ಜನ ನಮ್ಮ ನಾಡಿಗೆ ಕಾಲಿಡುತ್ತಿದ್ದುದೂ ಇಲ್ಲಿಯೇ. ಬಂದವರಲ್ಲಿ ಕೆಲವರು ಕಂಡದ್ದನ್ನು ಬರೆದಿಟ್ಟರು.

ಹದಿನಾಲ್ಕನೆಯ ಶತಮಾನದ ಮೊರಾಕೊ ದೇಶದ ಪ್ರವಾಸಿ ಇಬ್ನ್ ಬತೂತ ಅಂಥವರಲ್ಲಿ ಒಬ್ಬ. ೧೩೫೫ರಲ್ಲಿ ಮುಗಿದ ಅವನ ಪ್ರವಾಸಕಥನದಲ್ಲಿ ಹೊನ್ನಾವರಕ್ಕೆ ಒಳ್ಳೆಯ ಸ್ಥಾನವಿದೆ. ಆ ಪಟ್ಟಣದಲ್ಲಿ ಹುಡುಗರಿಗಾಗಿ ೨೩ ಪಾಠಶಾಲೆಗಳನ್ನೂ ಹುಡುಗಿಯರಿಗಾಗಿ ೧೩ ಪಾಠಶಾಲೆಗಳನ್ನೂ ಕಂಡೆನೆಂದು ಅವನು ಹೇಳುತ್ತಾನೆ. ಬೇರೆಲ್ಲಿಯೂ ಇಂಥದನ್ನು ಕಾಣಲಿಲ್ಲವೆಂದು ಬೆರಗಾಗುತ್ತಾನೆ. ಅವನು ಧರ್ಮಶಾಸ್ತ್ರವನ್ನು ಬಲ್ಲ ಖಾಜಿ. ಆದುದರಿಂದ ಅವನ ಕಣ್ಣು ಮೊದಲು ಹೋದದ್ದು ತನ್ನ ಮತದವರ ವಿದ್ಯೆಯ ಕಡೆಗೆ. ಅದೇ ಊರಿನ ಇತರ ಜನ ಏನು ಕಲಿಯುತ್ತಿದ್ದರು, ಹೇಗೆ ಕಲಿಯುತ್ತಿದ್ದರು ಎಂಬುದನ್ನು ಈ ಲೆಕ್ಕದಿಂದ ತಿಳಿಯಲಾಗದು.

ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿದವನು ಇಟಲಿಯ ಪಿಯೆತ್ರೊ ದೆಲ್ಲ ವಲ್ಲೆ. ೧೬೨೩ರಲ್ಲಿ ಪೋರ್ಚುಗೀಸರ ರಾಯಭಾರಿಯೊಡನೆ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟ ಈತ ಹೊನ್ನಾವರದಲ್ಲಿ ಇಳಿದು, ಶರಾವತಿಯಲ್ಲಿ ದೋಣಿಯೇರಿ ಗೇರಸೊಪ್ಪೆಗೆ ಬಂದ. ಮೆಣಸಿನ ರಾಣಿಯೆಂದು ಪೋರ್ಚುಗೀಸರು ಕರೆದ ಚೆನ್ನಭೈರಾದೇವಿಯ ರಾಜಧಾನಿ ಆಗಲೇ ಹಾಳುಬಿದ್ದು, ಅರಮನೆಯ ನೆಲದಲ್ಲಿ ಮರಗಳು ಬೆಳೆದಿದ್ದುವು. ಅಲ್ಲಿಂದ ಘಟ್ಟವನ್ನೇರುವಾಗ ಗುಡಿಯೊಂದರ ಜಗಲಿಯಲ್ಲಿ ನಾಲ್ವರು ಹುಡುಗರು ಗಣಿತ ಕಲಿಯುತ್ತಿದ್ದುದನ್ನು ಅವನು ಕಂಡ. ನೆಲದ ಮೇಲೆ ನುಣ್ಣನೆಯ ಮರಳನ್ನು ಹರಡಿ, ಪಾಠವನ್ನು ರಾಗವಾಗಿ ಹೇಳುತ್ತ, ಬೆರಳಿನಿಂದ ಅಂಕಿಗಳನ್ನು ತಿದ್ದುತ್ತಿದ್ದರು. ನೆಲ ತುಂಬಿದೊಡನೆ ಅಳಿಸಿ ಹೊಸ ಮರಳು ಹರಡುತ್ತಿದ್ದರು. ನಮ್ಮ ಹಿರಿಯರಿಗೆ ಅತಿ ಪರಿಚಿತವಾಗಿದ್ದ ಈ ಮರಳ ಪಾಠವನ್ನು ನಮ್ಮವರು ಯಾರೂ ಬರೆದಿಡುವಷ್ಟು ವಿಶೇಷವೆಂದು ಎಣಿಸಿರಲಾರರು. ಹೊಸಬನಿಗೆ ಅದು ಹೊಸದು. ಆದುದರಿಂದಲೇ ಅದು ಉಳಿಯಿತು. ನಿತ್ಯವೂ ಕಾಣುವುದನ್ನು ನಾವು ಕಾಣುವುದಿಲ್ಲ. ಪರದೇಶದವರ ಗ್ರಂಥಗಳಿಂದ ನಮಗಾಗುವ ಮೊದಲನೆಯ ಉಪಕಾರ ಇದು.

ಇನ್ನು ಭಟಕಳ. ೧೫೧೦ರಲ್ಲಿ ಅಚ್ಚಾದ ಇಟಲಿಯ ವರ್ತೆಮನ ಗ್ರಂಥವೂ, ಅನಂತರ ಕೆಲವೇ ವರ್ಷಗಳಲ್ಲಿ ಸಿದ್ಧವಾದ ಪೋರ್ಚುಗೀಸ್ ಅಧಿಕಾರಿ ಬಾರ್ಬೋಸನ ಗ್ರಂಥವೂ ಈ ಪಟ್ಟಣವನ್ನು ವರ್ಣಿಸುತ್ತವೆ. ವಿಜಯನಗರಕ್ಕೆ ಅಧೀನವಾದ ಊರು; ಸಣ್ಣ ಹೊಳೆಯೇ ಅದರ ಬಾಗಿಲು; ಅಕ್ಕಿ, ಸಕ್ಕರೆ, ಕಬ್ಬಿಣ ಅದರ ಸರಕು. ಇದು ವ್ಯಾಪಾರಿಯ ನೋಟ. ಸಕ್ಕರೆಯ ಬಗೆ ಇದರಲ್ಲಿ ಕಾಣುತ್ತದೆ; ಕಬ್ಬನ್ನು ಬೆಳೆದವನ ಮುಖ ಕಾಣುವುದಿಲ್ಲ.

ಬೆಳೆದವನನ್ನು ಕಾಣಬೇಕಾದರೆ ಸುಮಾರು ಮುನ್ನೂರು ವರ್ಷ ಮುಂದೆ ಬರಬೇಕು. ೧೭೯೯ರಲ್ಲಿ ಟೀಪು ಸುಲ್ತಾನನು ಮಡಿದ ಮೇಲೆ, ಗೆದ್ದ ನಾಡಿನ ಸ್ಥಿತಿಯನ್ನು ತಿಳಿದುಬರಲು ವೆಲ್ಲೆಸ್ಲಿಯು ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನನ್ನು ಕಳುಹಿಸಿದ. ಈತ ಸಸ್ಯಶಾಸ್ತ್ರಜ್ಞನೂ ಹೌದು. ೧೮೦೦ರಲ್ಲಿ ಮದರಾಸಿನಿಂದ ಹೊರಟು, ೧೮೦೧ರಲ್ಲಿ ಭಟಕಳ, ಹೊನ್ನಾವರ, ಕುಮಟಾಗಳ ಮಾರ್ಗವಾಗಿ ಸಾಗಿದ ಈತನ ದಿನಚರಿ ೧೮೦೭ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಗದ್ದೆಗೆ ಬಿತ್ತುವ ಬೀಜವೆಷ್ಟು, ತೋಟದ ಗೇಣಿಯೆಷ್ಟು, ಕಾಡಿನ ಮರ ಯಾವುದಕ್ಕೆ ಉಪಯೋಗ ಎಂದು ಈತ ಊರೂರಿನಲ್ಲಿ ಕೇಳಿದ. ಕೇಳಿದವನು ಕಂಪೆನಿ ಸರ್ಕಾರದ ಮನುಷ್ಯ. ಉತ್ತರ ಹೇಳಿದವನು ಕಂದಾಯ ಕೊಡಬೇಕಾದ ರೈತ. ಫಸಲನ್ನು ಹೆಚ್ಚಾಗಿ ಹೇಳಿದರೆ ತನಗೇ ಕೇಡೆಂಬುದು ರೈತನಿಗೆ ತಿಳಿಯದೆ? ತನಗೆ ದೊರೆತ ಉತ್ತರಗಳಲ್ಲಿ ಎಲ್ಲವೂ ನಂಬತಕ್ಕವಲ್ಲವೆಂದು ಬುಕನನ್ ತಾನೇ ಅಲ್ಲಲ್ಲಿ ಸೂಚಿಸಿದ್ದಾನೆ. ಗ್ರಂಥದ ಬೆಲೆ ಇದರಿಂದ ಕುಗ್ಗುವುದಿಲ್ಲ. ಓದುವವನ ಎಚ್ಚರ ಹೆಚ್ಚಬೇಕು, ಅಷ್ಟೆ.

೧೮೬೨ರಲ್ಲಿ ಉತ್ತರ ಕನ್ನಡವು ಮದರಾಸು ಆಧಿಪತ್ಯದಿಂದ ಮುಂಬಯಿಗೆ ಸೇರಿತು. ೧೮೮೩ರಲ್ಲಿ ಕ್ಯಾಂಪ್‌ಬೆಲ್ಲನ ಸಂಪಾದಕತ್ವದಲ್ಲಿ ಮುಂಬಯಿ ಗ್ಯಾಸೆಟಿಯರಿನ ಹದಿನೈದನೆಯ ಸಂಪುಟ ಈ ಜಿಲ್ಲೆಗಾಗಿಯೇ ಎರಡು ಭಾಗಗಳಲ್ಲಿ ಹೊರಬಂದಿತು. ಕುಮಟೆಯ ಏಳಿಗೆಯ ಕಥೆಯನ್ನು ಅದರಲ್ಲಿ ಓದಬಹುದು. ಧಾರವಾಡ ಸೀಮೆಯ ಹತ್ತಿ ಬಂಡಿಗಳಲ್ಲಿ ದೇವಿಮನೆ ಘಟ್ಟವಿಳಿದು ಕುಮಟೆಯಲ್ಲಿ ಹಡಗೇರಿ ಮುಂಬಯಿಗೆ ಹೋಗುತ್ತಿತ್ತು. ಆ ಹತ್ತಿಗೆ ಇಂಗ್ಲೆಂಡಿನ ಪೇಟೆಗಳಲ್ಲಿ ಕುಮಟಾ ಹತ್ತಿ ಎಂದೇ ಹೆಸರು. ಕುಮಟೆಯ ಮಣ್ಣಿನಲ್ಲಿ ಅದು ಬೆಳೆದದ್ದಲ್ಲ; ರೇವಿನ ಹೆಸರು ಬೆಳೆಗೆ ಅಂಟಿತು. ಗ್ಯಾಸೆಟಿಯರು ಅಚ್ಚಾದ ಕೆಲವು ವರ್ಷಗಳಲ್ಲಿಯೇ ಮರ್ಮಗೋವೆಗೆ ರೈಲು ಬಂದು ಹತ್ತಿ ಬೇರೆ ದಾರಿ ಹಿಡಿಯಿತು. ವಸ್ತು ಹೋದರೂ ಹೆಸರು ಪುಸ್ತಕದಲ್ಲಿ ನಿಂತಿತು.

ಪ್ರಕೃತಿಶಾಸ್ತ್ರದ ಗ್ರಂಥಗಳ ಕಥೆ ಇನ್ನೂ ಸ್ವಾರಸ್ಯವಾದುದು. ಸುಂಕ ಮತ್ತು ಉಪ್ಪಿನ ಇಲಾಖೆಯಲ್ಲಿದ್ದ ಐಟ್ಕೆನ್, ಕಲೆಕ್ಟರಾಗಿದ್ದ ಡೇವಿಡ್ಸನ್, ಅರಣ್ಯಾಧಿಕಾರಿ ಬೆಲ್, ಈ ಮೂವರೂ ತಮ್ಮ ಬಿಡುವಿನ ವೇಳೆಯನ್ನು ಈ ಜಿಲ್ಲೆಯ ಚಿಟ್ಟೆಗಳಿಗೆ ಮುಡಿಪಾಗಿಟ್ಟರು. ಚಿಟ್ಟೆಯನ್ನು ಹಿಡಿದು ಸೂಜಿಗೆ ಚುಚ್ಚುವುದರಲ್ಲಿಯೇ ಅವರು ತೃಪ್ತರಾಗಲಿಲ್ಲ. ಕಂಬಳಿಹುಳುವನ್ನು ತಂದು ಸಾಕಿ, ಯಾವುದು ಯಾವ ಗಿಡದ ಎಲೆಯನ್ನು ತಿಂದು ಬೆಳೆಯುತ್ತದೆಂಬುದನ್ನು ಬರೆದಿಟ್ಟರು. ನಿಂಬೆಯ ಎಲೆಯನ್ನು ತಿನ್ನುವ ಹುಳು ಎಕ್ಕದ ಗಿಡದಲ್ಲಿ ಬದುಕಲಾರದು. ಗಿಡ ಹೋದರೆ ಚಿಟ್ಟೆಯೂ ಹೋಗುತ್ತದೆ. ಅವರ ಲೇಖನಮಾಲೆ ೧೮೯೬-೯೭ರಲ್ಲಿ ಮುಂಬಯಿಯ ಪ್ರಕೃತಿ ಚರಿತ್ರೆ ಸಂಘದ ಪತ್ರಿಕೆಯಲ್ಲಿ ಬಂದಿತು. ಬೆಲ್ ನಿವೃತ್ತನಾದ ಮೇಲೂ ಕಾರವಾರದಲ್ಲಿಯೇ ನೆಲಸಿ ೧೯೪೮ರಲ್ಲಿ ತೀರಿಕೊಂಡ. ಅರಣ್ಯ ಇಲಾಖೆಯ ಟಾಲ್ಬಟ್ ೧೯೦೯ ಮತ್ತು ೧೯೧೧ರಲ್ಲಿ ಮುಂಬಯಿ ಪ್ರಾಂತದ ಮರಗಿಡಗಳನ್ನು ಕುರಿತು ಎರಡು ಸಂಪುಟಗಳನ್ನು ಹೊರತಂದ. ಅಷ್ಟಾದರೂ ಈ ಕಾಡುಗಳ ಪಟ್ಟಿ ಪೂರ್ತಿಯಾಗಿರಲಿಲ್ಲ. ಹೊನ್ನಾವರದಿಂದ ಘಟ್ಟವೇರಿ ಹೋಗುವ ದಾರಿಯಲ್ಲಿ, ಸಿದ್ಧಾಪುರ ತಾಲ್ಲೂಕಿನ ಕತ್ತಲೆಕಾನದ ಜವುಗುಕಾಡಿನಲ್ಲಿ ಗೇರಿನ ಜಾತಿಗೆ ಸೇರಿದ ಮರವೊಂದನ್ನು ಕರ್ನಾಟಕದ ವಿಜ್ಞಾನಿಗಳು ಗುರುತಿಸಿ ೨೦೦೦ದಲ್ಲಿ ಮೊದಲ ಬಾರಿಗೆ ವರ್ಣಿಸಿದರು. ಆ ಕಾನಿನ ಹೆಸರೇ ಮರದ ಶಾಸ್ತ್ರೀಯ ನಾಮದಲ್ಲಿ ಸೇರಿಕೊಂಡಿತು.

ಶಿಲ್ಪದ ವಿಷಯದಲ್ಲಿಯೂ ಒಂದು ಪಾಠವಿದೆ. ೧೮೭೬ರಲ್ಲಿ ಫರ್ಗುಸನ್ ಎಂಬ ಪಂಡಿತ ಕನ್ನಡ ಕರಾವಳಿಯ ಜೈನ ಬಸದಿಗಳನ್ನು ವಿವೇಚಿಸುತ್ತ, ಇವು ದಕ್ಷಿಣದ ಇತರ ಗುಡಿಗಳಂತಿಲ್ಲ, ನೇಪಾಳದ ಕಟ್ಟಡಗಳನ್ನು ಹೋಲುತ್ತವೆ ಎಂದು ಆಶ್ಚರ್ಯಪಟ್ಟ. ಭಟಕಳಕ್ಕೆ ಹೋಗಿ ಕೇತಪೈ ನಾರಾಯಣ ದೇವಾಲಯದ ಮುಂದೆ ನಿಂತು ನೋಡಿದವರಿಗೆ ಅಷ್ಟು ದೂರ ಹೋಗಬೇಕಾಗುವುದಿಲ್ಲ. ಮಾಡಿನಂತೆ ಇಳಿಜಾರಾಗಿ ಹೊದಿಸಿದ ಕಲ್ಲಿನ ಹಾಸುಗಳು, ಮರದ ಪಟ್ಟಿಗಳಂತೆ ಜೋಡಿಸಿದ ಕಲ್ಲಿನ ಪಟ್ಟಿಗಳು: ಮರದಲ್ಲಿ ಪಳಗಿದ ಕೈ ಕಲ್ಲನ್ನು ಹಿಡಿದಿದೆ, ಸುರಿಯುವ ಮುಂಗಾರು ಅದಕ್ಕೆ ಆಕಾರವನ್ನು ಕೊಟ್ಟಿದೆ. ನೇಪಾಳದ ದಾರಿಗಿಂತ ಮಳೆಯ ದಾರಿ ಹತ್ತಿರದ್ದು.

ಈ ಎಲ್ಲ ಗ್ರಂಥಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಸಂಗತಿ ಮನಸ್ಸಿಗೆ ಬರುತ್ತದೆ. ಖಾಜಿ ಶಾಲೆಯನ್ನು ಕಂಡ, ವ್ಯಾಪಾರಿ ಸರಕನ್ನು ಕಂಡ, ಸರ್ಕಾರ ಕಂದಾಯವನ್ನೂ ಮರವನ್ನೂ ಕಂಡಿತು. ಒಬ್ಬೊಬ್ಬರೂ ತಮಗೆ ಬೇಕಾದುದನ್ನು ಕಂಡರು. ಕಂಡದ್ದನ್ನು ಬರೆದು ನಮ್ಮನ್ನು ಋಣಿಗಳನ್ನಾಗಿ ಮಾಡಿದರು. ಆದರೆ ಬುಕನನ್ನನಿಗೆ ಬೇಸಾಯವನ್ನು ವಿವರಿಸಿದ ರೈತ ಯಾರು? ಸಾಹೇಬರಿಗೆ ಕಾಡಿನ ದಾರಿ ತೋರಿಸಿ ಗಿಡಗಳ ಹೆಸರು ಹೇಳಿದವರು ಯಾರು? ಗ್ರಂಥದ ಅರ್ಧ ವಿದ್ಯೆ ಅವರದು. ಮುಖಪುಟದಲ್ಲಿ ಅವರ ಹೆಸರಿಲ್ಲ.

ಇದಕ್ಕೆ ಕೊರಗುತ್ತ ಕುಳಿತರೆ ಫಲವಿಲ್ಲ. ಮಾಡಬೇಕಾದ ಕೆಲಸ ಎರಡು ಬಗೆಯದು. ಮೊದಲನೆಯದು, ಪರಭಾಷೆಗಳಲ್ಲಿರುವ ಈ ವಿದ್ಯೆಯನ್ನು ಕನ್ನಡಕ್ಕೆ ತರುವುದು. ಎಚ್. ಎಲ್. ನಾಗೇಗೌಡರು ‘ಪ್ರವಾಸಿ ಕಂಡ ಇಂಡಿಯಾ’ ಸಂಪುಟಗಳಲ್ಲಿ ಈ ಮಾರ್ಗವನ್ನು ತೋರಿಸಿಕೊಟ್ಟರು. ಎರಡನೆಯದು, ನಮ್ಮ ಕಣ್ಣಿನಿಂದ ಕಂಡದ್ದನ್ನು ನಾವೇ ಬರೆಯುವುದು. ೧೯೫೯ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ ಅಂಥ ಗ್ರಂಥ. ಕರಾವಳಿಯ ಕಲೆಯೊಂದನ್ನು ಅದರೊಳಗೇ ಬೆಳೆದ ನಾಡಿನವರು ಶಾಸ್ತ್ರದ ಶ್ರದ್ಧೆಯಿಂದ ಕನ್ನಡದಲ್ಲಿಯೇ ಬರೆದರೆ ಎಂಥ ಬೆಳಕು ಬೀಳುತ್ತದೆಂಬುದಕ್ಕೆ ಅದು ಸಾಕ್ಷಿ.

ಉಳಿದ ಕೆಲಸಕ್ಕೆ ಅವಸರವೂ ಉಂಟು. ಅಘನಾಶಿನಿಯ ಮುಖದ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿಕೊಂಡು ಬೆಳೆಯುವ ಕಗ್ಗ ಎಂಬ ಭತ್ತ, ಹಾಲಕ್ಕಿ ಒಕ್ಕಲಿಗರ ಅಜ್ಜಿಯರು ಬಲ್ಲ ಮದ್ದಿನ ಗಿಡಗಳು, ಗಾಳಿಗಳಿಗೆ ಮೀನುಗಾರರು ಇಟ್ಟ ಹೆಸರುಗಳು, ಇವುಗಳಲ್ಲಿ ಬಹುಭಾಗ ಇನ್ನೂ ನಾಲಗೆಯ ಮೇಲೆಯೇ ಇದೆ. ಮರಳಿನ ಮೇಲೆ ಬರೆದ ಅಂಕಿಯಂತೆ ಅದು ಒಂದು ತಲೆಮಾರಿನಲ್ಲಿ ಅಳಿಸಿಹೋಗಬಲ್ಲದು. ಹಳೆಯ ಗ್ರಂಥಗಳನ್ನು ಓದಿದವನಿಗೆ ಏನನ್ನು ಕೇಳಬೇಕೆಂಬುದು ತಿಳಿಯುತ್ತದೆ. ಊರಿನ ಹಿರಿಯರ ಬಳಿ ಕುಳಿತವನಿಗೆ ಉತ್ತರ ದೊರೆಯುತ್ತದೆ. ಈ ಸಲ ಬರೆಯುವಾಗ ಉತ್ತರ ಹೇಳಿದವರ ಹೆಸರನ್ನೂ ಬರೆದಿಡೋಣ.