ಮದ್ದಿನ ಅಳತೆ, ಕೋವಿಯ ಗುರಿ

ವಯನಾಡಿನ ಸುಲ್ತಾನ್ ಬತ್ತೇರಿ ಪಟ್ಟಣದ ಹೆಸರಿನಲ್ಲಿಯೇ ಮದ್ದುಗುಂಡಿನ ನೆನಪು ಅಡಗಿದೆ. ಹಿಂದೆ ಗಣಪತಿವಟ್ಟಂ ಎನಿಸಿಕೊಂಡಿದ್ದ ಈ ಊರಿನ ಜೈನ ಬಸದಿಯನ್ನು ಟಿಪ್ಪು ಸುಲ್ತಾನನ ಸೈನ್ಯವು ಶಸ್ತ್ರಾಗಾರವನ್ನಾಗಿ ಬಳಸಿತು. ಸುಲ್ತಾನನ ‘ಬ್ಯಾಟರಿ’ ಎಂದು ಆಂಗ್ಲರು ಕರೆದದ್ದೇ ಜನರ ನಾಲಗೆಯಲ್ಲಿ ಬತ್ತೇರಿಯಾಯಿತು. ವಿಜಯನಗರ ಶೈಲಿಯ ಆ ಶಿಲಾಬಸದಿ ಇಂದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಕನ್ನಡನಾಡಿನಿಂದ ಬಂದು ಇಲ್ಲಿ ನೆಲೆಸಿದ ಜೈನರ ಚರಿತ್ರೆಯೂ, ಮೈಸೂರಿನ ಕೋವಿಗಳ ಚರಿತ್ರೆಯೂ ಒಂದೇ ಗೋಡೆಯೊಳಗೆ ಸಂಧಿಸಿದ ಸ್ಥಳವದು.

ಅಲ್ಲಿಂದ ದೂರವಿಲ್ಲದ ಪನಮರಂನಲ್ಲಿ 1802ರ ಅಕ್ಟೋಬರ್ 11ರಂದು ಇನ್ನೊಂದು ಘಟನೆ ನಡೆಯಿತು. ಪಳಶ್ಶಿರಾಜನ ಪಕ್ಷದ ಎಡಚ್ಚೇನ ಕುಂಗನ್ ಮತ್ತು ತಲಕ್ಕಲ್ ಚಂದು ಇವರ ನೇತೃತ್ವದಲ್ಲಿ ಕುರಿಚ್ಯ ಬಿಲ್ಲುಗಾರರು ಅಲ್ಲಿದ್ದ ಕಂಪೆನಿ ಸೈನ್ಯದ ಠಾಣೆಯ ಮೇಲೆ ಬಿದ್ದರು. ಠಾಣೆ ನಾಶವಾಯಿತು, 112 ಬಂದೂಕುಗಳೂ ಆರು ಪೆಟ್ಟಿಗೆ ಮದ್ದುಗುಂಡೂ ಅವರ ವಶವಾದವೆಂದು ವಿಲಿಯಂ ಲೋಗನ್ ತನ್ನ ‘ಮಲಬಾರ್ ಮ್ಯಾನ್ಯುಯಲ್’ನಲ್ಲಿ ದಾಖಲಿಸಿದ್ದಾನೆ. ಬಂದೂಕುಗಳ ಲೆಕ್ಕದೊಡನೆ ಮದ್ದಿನ ಪೆಟ್ಟಿಗೆಗಳ ಲೆಕ್ಕವನ್ನೂ ಬರೆದಿಟ್ಟುದು ಸಹಜವೇ ಆಗಿದೆ. ಬಾಯಿಯಿಂದ ತುಂಬುವ ಕೋವಿಗೆ ಮದ್ದೇ ಪ್ರಾಣ. ಆ ಮದ್ದು ಎಷ್ಟಿರಬೇಕು, ಗುಂಡು ಎಷ್ಟು ಬಿಗಿಯಾಗಿರಬೇಕು ಎಂಬುದನ್ನು ತಿಳಿಯದವನ ಕೈಯಲ್ಲಿ ಅತ್ಯುತ್ತಮ ಕೋವಿಯೂ ಸದ್ದು ಮಾಡುವ ಕಬ್ಬಿಣದ ಕೊಳವೆಯಷ್ಟೆ. ಆ ಅಳತೆಯನ್ನು ಹಿಂದಿನವರು ಹೇಗೆ ಕಂಡುಕೊಳ್ಳುತ್ತಿದ್ದರೆಂಬುದು ನಮ್ಮ ಮಕ್ಕಳೂ ಅರಿಯಬೇಕಾದ ವಿಷಯ; ಏಕೆಂದರೆ ಅದು ಮೂಲತಃ ವಿಜ್ಞಾನದ ಪಾಠ.

ಕಲ್ಲಿನ ಕಿಡಿಯ ಕೋವಿ

ಚಕಮಕಿ ಕೋವಿಯ ರಚನೆ ಸರಳವಾದುದು. ನಳಿಗೆಯ ಬಾಯಿಯಿಂದ ಅಳೆದ ಮದ್ದನ್ನು ಸುರಿದು, ಅದರ ಮೇಲೆ ಸೀಸದ ಗುಂಡನ್ನಿಟ್ಟು ಗಜದಿಂದ ತಳದವರೆಗೆ ನೂಕಬೇಕು. ನಳಿಗೆಯ ಬುಡದಲ್ಲಿ ಒಂದು ಸಣ್ಣ ರಂಧ್ರ. ಅದರ ಹೊರಗೆ ಪುಟ್ಟ ಬಟ್ಟಲು. ಬಟ್ಟಲಿನಲ್ಲಿ ಹಾಕುವ ನಯವಾದ ಮದ್ದಿಗೆ ರಂಜಕವೆಂದು ಹೆಸರು. ಕುದುರೆಯ ಬಾಯಲ್ಲಿ ಕಚ್ಚಿಸಿದ ಚಕಮಕಿ ಕಲ್ಲು ಉಕ್ಕಿನ ಫಲಕಕ್ಕೆ ತಾಗಿದಾಗ ಕಿಡಿ ಹಾರಿ ರಂಜಕ ಹೊತ್ತುತ್ತದೆ. ಆ ಬೆಂಕಿ ರಂಧ್ರದ ಮೂಲಕ ಒಳಗಿನ ಮದ್ದನ್ನು ಮುಟ್ಟುತ್ತದೆ.

ರಂಜಕಕ್ಕೂ ತನ್ನದೇ ಆದ ಅಳತೆಯಿದೆ. ಕಡಿಮೆಯಾದರೆ ಬೆಂಕಿ ಒಳಗೆ ತಲಪದು. ಹೆಚ್ಚಾಗಿ ರಂಧ್ರವನ್ನೇ ಮುಚ್ಚಿಬಿಟ್ಟರೆ ಅದು ಬತ್ತಿಯಂತೆ ನಿಧಾನವಾಗಿ ಉರಿಯುತ್ತದೆ. ಆ ಕ್ಷಣಾರ್ಧದ ವಿಳಂಬದಲ್ಲಿ ಕೈ ಕದಲಿ ಗುರಿ ತಪ್ಪುತ್ತದೆ. ಆದುದರಿಂದ ಕಣ್ಣೆದುರು ರಂಜಕ ಮಿಂಚಿದ ಬಳಿಕವೂ ಕದಲದೆ ನಿಲ್ಲುವುದು ಚಕಮಕಿ ಕೋವಿ ಹಿಡಿದವನು ಕಲಿಯಬೇಕಾದ ಮೊದಲ ಸಂಯಮ.

ನಯವಾದ ನಳಿಗೆ, ಗೀರಿದ ನಳಿಗೆ

ಅಂದಿನ ಸಿಪಾಯಿಗಳ ಬಂದೂಕಿನ ನಳಿಗೆ ಒಳಗೆ ನಯವಾಗಿತ್ತು. ಆಂಗ್ಲರ ‘ಬ್ರೌನ್ ಬೆಸ್’ ಬಂದೂಕಿನ ನಳಿಗೆಯ ಒಳವ್ಯಾಸ ಸುಮಾರು 19 ಮಿಲಿಮೀಟರ್. ಗುಂಡಿನದು ಅದಕ್ಕಿಂತ ಒಂದು ಮಿಲಿಮೀಟರಿಗೂ ಹೆಚ್ಚು ಕಡಿಮೆ. ಹೀಗೆ ಸಡಿಲವಾಗಿದ್ದುದರಿಂದ ಬೇಗನೆ ತುಂಬಬಹುದಾಗಿತ್ತು. ಆದರೆ ಗುಂಡು ನಳಿಗೆಯೊಳಗೆ ಅತ್ತಿತ್ತ ತಾಗುತ್ತಾ ಹೊರಬರುತ್ತಿದ್ದುದರಿಂದ ಅದು ಯಾವ ಕಡೆಗೆ ಹೋಗುವುದೆಂದು ಹೇಳುವಂತಿರಲಿಲ್ಲ.

ಬೇಟೆಗಾರನಿಗೆ ಇದು ಸಾಲದು. ಅವನಿಗಾಗಿ ಹುಟ್ಟಿದ್ದು ಒಳಗೆ ಸುರುಳಿಯಾಗಿ ಗೀರಿದ ನಳಿಗೆ, ಎಂದರೆ ರೈಫಲ್. 1800ರ ಸುಮಾರಿಗೆ ಆಂಗ್ಲ ಸೈನ್ಯವು ಸ್ವೀಕರಿಸಿದ ‘ಬೇಕರ್’ ರೈಫಲಿನ ನಳಿಗೆಯಲ್ಲಿ ಏಳು ಗೀರುಗಳಿದ್ದವು. ಎಣ್ಣೆ ಅಥವಾ ಕೊಬ್ಬು ಸವರಿದ ಬಟ್ಟೆಯ ಇಲ್ಲವೆ ತೊಗಲಿನ ತುಂಡಿನಲ್ಲಿ ಗುಂಡನ್ನು ಸುತ್ತಿ ಬಿಗಿಯಾಗಿ ತಳ್ಳುತ್ತಿದ್ದರು. ಮೊದಮೊದಲು ಅದನ್ನು ಬಡಿದಿಳಿಸಲು ಮರದ ಸುತ್ತಿಗೆಯನ್ನೂ ಕೊಡಲಾಗಿತ್ತು. ಸುತ್ತಿದ ತುಂಡು ಗೀರುಗಳನ್ನು ಹಿಡಿದು ಗುಂಡನ್ನು ಬುಗುರಿಯಂತೆ ತಿರುಗಿಸುತ್ತದೆ. ತಿರುಗುವ ಬುಗುರಿ ಬೀಳದೆ ನಿಲ್ಲುವಂತೆ, ತಿರುಗುವ ಗುಂಡು ದಾರಿ ತಪ್ಪದೆ ಸಾಗುತ್ತದೆ.

ಅಳತೆಯ ಹುಡುಕಾಟ

ಒಂದೇ ಕಮ್ಮಾರಶಾಲೆಯಲ್ಲಿ, ಒಂದೇ ಕೈಯಿಂದ ತಯಾರಾದ ಎರಡು ರೈಫಲುಗಳಿಗೂ ಒಂದೇ ಅಳತೆಯ ಮದ್ದು ಒಗ್ಗುವುದೆಂಬ ನಂಬಿಕೆಯಿಲ್ಲ. ಪ್ರತಿಯೊಂದು ನಳಿಗೆಯೂ ತನಗೆ ಸರಿಹೊಂದುವ ಅಳತೆಯನ್ನು ತಾನೇ ಹೇಳಬೇಕು. ಕೇಳುವ ತಾಳ್ಮೆ ನಮಗಿರಬೇಕು. ಮದ್ದನ್ನು ಅಳೆಯುವ ಮಾನ ‘ಗ್ರೇನ್’, ಎಂದರೆ ಧಾನ್ಯದ ಕಾಳು. ನಮ್ಮ ಅಕ್ಕಸಾಲಿಗರ ಒಂದು ಗುಲಗಂಜಿ ತೂಕಕ್ಕೆ ಸುಮಾರು ಎರಡು ಗ್ರೇನ್.

ಅನುಭವಿಗಳ ಕ್ರಮ ಹೀಗಿದೆ. ಕೋವಿಯನ್ನು ಅಲುಗದ ಆಧಾರದ ಮೇಲಿಟ್ಟು, ತಯಾರಕನು ಸೂಚಿಸಿದ ಕನಿಷ್ಠ ಅಳತೆಯಿಂದ ಆರಂಭಿಸಿ, 50 ಗಜ ದೂರದ ಹಲಗೆಗೆ ಮೂರೋ ಐದೋ ಗುಂಡು ಹೊಡೆಯುವುದು. ಬಳಿಕ ಐದು ಗ್ರೇನ್ ಏರಿಸಿ ಮತ್ತೆ ಅಷ್ಟೇ ಗುಂಡು. ಇಲ್ಲಿ ಗಮನಿಸತಕ್ಕದ್ದು ಗುಂಡು ಹಲಗೆಯ ನಡುವಿಗೆ ತಾಗಿತೇ ಎಂಬುದನ್ನಲ್ಲ. ತೂತುಗಳು ಒಂದರ ಬಳಿ ಒಂದು ಬಂದವೇ ಎಂಬುದನ್ನು. ತೂತುಗಳು ಒತ್ತಾಗಿ ಬಂದರೆ ಅಳತೆ ಸರಿಯಾಯಿತು. ಅವನ್ನು ನಡುವಿಗೆ ತರುವುದು ಆಮೇಲೆ ಗುರಿಕಣ್ಣನ್ನು ಸರಿಪಡಿಸುವ ಕೆಲಸ. ಮದ್ದು ಏರಿದಂತೆ ತೂತುಗಳು ಹತ್ತಿರವಾಗುತ್ತಾ ಬಂದು, ಒಂದು ಹಂತ ದಾಟಿದೊಡನೆ ಮತ್ತೆ ಚದುರತೊಡಗುತ್ತವೆ. ಹೆಚ್ಚು ಮದ್ದು ಹಾಕಿದರೆ ಹೆಚ್ಚು ಗುರಿ ಎಂಬ ಎಣಿಕೆ ಅಲ್ಲಿಗೆ ಸುಳ್ಳಾಗುತ್ತದೆ. ಮಿತಿ ಮೀರಿದ ಮದ್ದು ಹೆಗಲಿಗೆ ಪೆಟ್ಟು ಕೊಡುತ್ತದೆ, ಸುತ್ತಿದ ಬಟ್ಟೆಯನ್ನು ಹರಿಯುತ್ತದೆ, ಗುಂಡನ್ನು ಗೀರುಗಳಿಂದ ಜಾರಿಸುತ್ತದೆ.

ಇಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ: ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಮದ್ದು, ಗುಂಡಿನ ಗಾತ್ರ, ಬಟ್ಟೆಯ ದಪ್ಪ, ಸವರಿದ ಜಿಡ್ಡು ಇವುಗಳಲ್ಲಿ ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಫಲಕ್ಕೆ ಯಾವುದು ಕಾರಣವೆಂದು ತಿಳಿಯದು. ಹಾರಿಬಿದ್ದ ಬಟ್ಟೆಯ ತುಂಡುಗಳನ್ನು ಹೆಕ್ಕಿ ಓದುವುದೂ ಈ ವಿದ್ಯೆಯ ಭಾಗ. ನಡುವೆ ಸುಟ್ಟಿದ್ದರೆ ಬಿಗಿ ಸಾಲದು ಅಥವಾ ಜಿಡ್ಡು ಸಾಲದು. ಗೀರುಗಳ ಗುರುತಿನಲ್ಲಿ ಕತ್ತರಿಸಿದ್ದರೆ ನಳಿಗೆಯ ಅಂಚು ಹರಿತವಾಗಿದೆ. ಸ್ವಲ್ಪ ಕಪ್ಪಾಗಿ ಇಡಿಯಾಗಿ ಉಳಿದಿದ್ದರೆ ಎಲ್ಲವೂ ಸರಿ. ಕಪ್ಪು ಮದ್ದು ಉರಿದಾಗ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಘನರೂಪದ ಕಿಟ್ಟವಾಗಿ ಉಳಿಯುವುದರಿಂದ, ಪ್ರತಿಯೊಂದು ಹೊಡೆತದ ಬಳಿಕ ನಳಿಗೆಯನ್ನು ಒರೆಸದಿದ್ದರೆ ಮುಂದಿನ ಫಲವನ್ನು ಹಿಂದಿನದರೊಡನೆ ಹೋಲಿಸುವಂತಿಲ್ಲ. ಗುಂಡು ಮದ್ದಿಗೆ ತಾಗಿ ಕುಳಿತಿದೆಯೇ ಎಂದು ತಿಳಿಯಲು ಗಜದ ಮೇಲೆ ಗುರುತು ಕೊರೆದಿಡುತ್ತಾರೆ. ನಡುವೆ ತೆರಪು ಉಳಿದರೆ ನಳಿಗೆಯೇ ಸಿಡಿಯಬಹುದು. ಪರವಾನಿಗೆಯೂ ನುರಿತವರ ಮೇಲ್ವಿಚಾರಣೆಯೂ ಇಲ್ಲದೆ ಕೈಹಾಕುವ ಕೆಲಸ ಇದಲ್ಲವೆಂಬುದಕ್ಕೆ ಇದೊಂದೇ ಕಾರಣ ಸಾಕು.

ಕಡಲೂರಿನಲ್ಲಿ ತೀರಿಕೊಂಡ ಗಣಿತಜ್ಞ

ಈ ಅನುಭವಜ್ಞಾನಕ್ಕೆ ಶಾಸ್ತ್ರದ ತಳಹದಿ ಹಾಕಿದವನು ಬೆಂಜಮಿನ್ ರಾಬಿನ್ಸ್ ಎಂಬ ಆಂಗ್ಲ ಗಣಿತಜ್ಞ. ತೂಗುಹಾಕಿದ ಮರದ ದಿಮ್ಮಿಗೆ ಗುಂಡು ಹೊಡೆದು, ಅದು ಎಷ್ಟು ದೂರ ತೂಗಿತೆಂಬುದರಿಂದ ಗುಂಡಿನ ವೇಗವನ್ನು ಲೆಕ್ಕಹಾಕುವ ಉಪಾಯವನ್ನು ಅವನು 1742ರ ತನ್ನ ಗ್ರಂಥದಲ್ಲಿ ವಿವರಿಸಿದನು. ಮಹಾಗಣಿತಜ್ಞ ಆಯ್ಲರ್ ಮೂರೇ ವರ್ಷಗಳಲ್ಲಿ ಅದನ್ನು ಜರ್ಮನ್ ಭಾಷೆಗೆ ತಂದು ಟಿಪ್ಪಣಿ ಬರೆದನು. ಗೀರಿದ ನಳಿಗೆಯ ಮಹತ್ವವನ್ನು ಮೊದಲು ಅರಿತ ರಾಷ್ಟ್ರಕ್ಕೆ ಯುದ್ಧದಲ್ಲಿ ಮೇಲುಗೈಯಾಗುವುದೆಂದು ರಾಬಿನ್ಸ್ ಹೇಳಿದ್ದನು. ಕಂಪೆನಿಯ ಇಂಜಿನಿಯರನಾಗಿ ಭಾರತಕ್ಕೆ ಬಂದ ಅವನು 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು. ಗುಂಡಿನ ವೇಗವನ್ನು ಅಳೆದ ಮನುಷ್ಯನು ನಮ್ಮ ದಕ್ಷಿಣದ ಮಣ್ಣಿನಲ್ಲಿಯೇ ಕೊನೆಯುಸಿರೆಳೆದನೆಂಬುದು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಹೊಸ ಸಂಗತಿಯಾಗಿರಬಹುದು.

ಮಳೆಯ ನಾಡು, ಕಾಡಿನ ಕಾನೂನು

ಆದರೆ ಯಾವ ಅಳತೆಯೂ ಮಳೆಯನ್ನು ಗೆಲ್ಲಲಾರದು. ತೇವವಾದ ರಂಜಕ ಹೊತ್ತದು. ಒದ್ದೆಯಾದ ಫಲಕದಿಂದ ಕಿಡಿ ಹಾರದು. ವಯನಾಡಿನ ಮುಂಗಾರಿನಲ್ಲಿ ಕುರಿಚ್ಯನ ಬಿಲ್ಲು ಬಂದೂಕಿಗಿಂತ ನೆಚ್ಚಿಕೊಳ್ಳಬಹುದಾದ ಆಯುಧವಾಗಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಬಾಣಕ್ಕೆ ಕಿಡಿ ಬೇಡ. ಎರಡನೆಯ ಬಾಣಕ್ಕೆ ನಳಿಗೆ ಒರೆಸಬೇಕಾಗಿಲ್ಲ.

ಇಂದು ಆ ಕಾಡಿನಲ್ಲಿ ಕೋವಿಯ ಸದ್ದು ಕೇಳಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಷೇಧಿಸಿತು. ಮರುವರ್ಷವೇ ವಯನಾಡು ವನ್ಯಜೀವಿಧಾಮ ಸ್ಥಾಪನೆಯಾಯಿತು. ಬಂಡೀಪುರ, ನಾಗರಹೊಳೆಗಳೊಡನೆ ಸೇರಿಕೊಂಡಿರುವ ಈ ಕಾಡಿನಲ್ಲಿ ಆನೆಗೆ ರಾಜ್ಯದ ಗಡಿಯಿಲ್ಲ. ಪರವಾನಿಗೆಯಿಲ್ಲದ ನಾಡಕೋವಿ ಹಿಡಿದು ಕಾಡು ಹೊಗುವವನು ಹಿರಿಯರ ವಿದ್ಯೆಯನ್ನು ಉಳಿಸುತ್ತಿಲ್ಲ, ಅಪರಾಧ ಮಾಡುತ್ತಿದ್ದಾನೆ.

ಹಾಗೆಂದು ವಿದ್ಯೆ ಅಳಿಯಬೇಕೆಂದಿಲ್ಲ. ವಯನಾಡಿಗೆ ತಾಗಿಕೊಂಡಿರುವ ಕೊಡಗಿನಲ್ಲಿ ಸೆಪ್ಟೆಂಬರ್ ತಿಂಗಳ ಕೈಲ್‌ಪೊಳ್ದ್ ಹಬ್ಬದಂದು ಆಯುಧಗಳಿಗೆ ಪೂಜೆ ಸಲ್ಲುತ್ತದೆ. ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ. ಬಾಯಿಯಿಂದ ತುಂಬುವ ಹಳೆಯ ಕೋವಿಗಳಿಗಾಗಿಯೇ ಅಂತಾರಾಷ್ಟ್ರೀಯ ಸ್ಪರ್ಧೆಗಳಿವೆ. ಚಕಮಕಿ ಕೋವಿಗೆ ಅಲ್ಲಿ ಪ್ರತ್ಯೇಕ ವಿಭಾಗವಿದೆ. ಜೀವಹಾನಿಯಿಲ್ಲದೆ ಗುರಿಯ ವಿದ್ಯೆ ಬದುಕುವ ದಾರಿಗಳಿವು.

ಕೋವಿಯನ್ನು ಎಂದೂ ಮುಟ್ಟದ ಮಗುವಿಗೂ ಈ ವಿದ್ಯೆಯಿಂದ ಕಲಿಯಲಿಕ್ಕಿದೆ. ಒಂದನ್ನೇ ಬದಲಾಯಿಸು, ಉಳಿದುದನ್ನು ಹಾಗೆಯೇ ಇಡು, ಫಲವನ್ನು ಬರೆದಿಡು, ಒಂದು ಸಲ ಕಂಡುದನ್ನು ನಂಬದೆ ಮತ್ತೆ ನೋಡು. ಶಾಲೆಯ ಪ್ರಯೋಗಶಾಲೆಯಲ್ಲಿ ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಅಧ್ಯಾಪಕರು ಹೇಳಿಕೊಡುವುದೂ ಇದನ್ನೇ. ಮದ್ದು, ಗುಂಡು, ಗಜ, ರಂಜಕ, ಕುದುರೆ ಎಂಬ ಮಾತುಗಳ ಅರ್ಥ ಬಲ್ಲ ಹಿರಿಯರು ಮನೆಯಲ್ಲಿದ್ದರೆ ಈ ವಾರ ಅವರನ್ನೊಮ್ಮೆ ಕೇಳಿ ಬರೆದಿಟ್ಟುಕೊಳ್ಳಿರಿ. ಕೋವಿಗಳು ಸಂಗ್ರಹಾಲಯ ಸೇರಿದರೂ ಆ ಮಾತುಗಳು ನಮ್ಮಲ್ಲಿ ಉಳಿಯಲಿ.